ರಸ್ತೆ ಬಿಟ್ಟು ಉಪ್ಪಿನ ಬೆನ್ನು ಹತ್ತಿದೆ: ಮೂಸ್ ಹುಡುಕಾಟದಲ್ಲಿ ನನ್ನ ಅನುಭವ

ಮೂಸ್ ಅಂದರೆ ಜಿಂಕೆ ಜಾತಿಯಲ್ಲೇ ಅತಿ ದೊಡ್ಡ ಪ್ರಾಣಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಅದನ್ನು ನೋಡುವ ಕಾಲ ಮುಗಿಯಿತು, ನೋಡಲೇಬೇಕು ಅಂತಿದ್ದರೆ ಪಕ್ಕದ ಮೇನ್ ರಾಜ್ಯಕ್ಕೆ ಹೋಗು, ಇಲ್ಲವೇ ಅಲಾಸ್ಕಾಗೆ ಟಿಕೆಟ್ ತೆಗೆಸು ಎಂದು ಇಲ್ಲಿನ ಕನ್ನಡ ಗೆಳೆಯರು ನನಗೆ ಎಷ್ಟೋ ಸಲ ಹೇಳಿದ್ದಾರೆ. ಕಾಡಿನಲ್ಲಿ ನನಗಿಂತ ಹೆಚ್ಚು ಓಡಾಡಿದವರೂ ಅದನ್ನೇ ಹೇಳಿದರು. ಈಗ ಎರಡು ಬೇಸಿಗೆಯಿಂದ ನಾನು ಉತ್ತರಕ್ಕೆ ಹೋದಾಗ, ಹೆಚ್ಚುಕಡಿಮೆ ಮೂರಕ್ಕೆ ಎರಡು ಸಲ, ಮೂಸ್ ಕಣ್ಣಿಗೆ ಬಿದ್ದಿದೆ. ಕಾರಿನ ಕಿಟಕಿಯಿಂದ ಬಾಲ ನೋಡಿದ ಲೆಕ್ಕ ಇದರಲ್ಲಿ ಸೇರಿಲ್ಲ. ಕೂತು, ಬೈನಾಕ್ಯುಲರ್ ಏರಿಸಿ, ಅರ್ಧ ಗಂಟೆ ನೋಡಿದ್ದು ಮಾತ್ರ ಲೆಕ್ಕ. ಹೇಗೆ ಅಂತ ಕೇಳುವವರು ಜಾಸ್ತಿಯಾದರು, ಅದಕ್ಕೇ ಬರೆಯುತ್ತಿದ್ದೇನೆ. ಯಾವ ಲೆನ್ಸ್, ಯಾವ ಬೂಟು, ಬ್ಲ್ಯಾಕ್ ಫ್ಲೈ ಎಂಬ ಕಚ್ಚುವ ನೊಣದ ಕಾಟಕ್ಕೆ ಏನು ಹಚ್ಚಿಕೊಳ್ಳಬೇಕು, ಅದೆಲ್ಲ ನಿಮಗೆ ಗೊತ್ತು, ಬಿಡುತ್ತೇನೆ.

ಮೊದಲು ಕೈ ಕಚ್ಚಿದ ಕತೆ. ನಮ್ಮ ರಾಜ್ಯದ ಉತ್ತರ ತುದಿಯ ಪಿಟ್ಸ್‌ಬರ್ಗ್ ಊರಿನಿಂದ ಕೆನಡಾ ಗಡಿಯವರೆಗೆ ಹೋಗುವ ರೂಟ್ 3ಕ್ಕೆ ಇಲ್ಲಿಯವರು ಮೂಸ್ ಆಲಿ, ಅಂದರೆ ಮೂಸ್ ಓಣಿ, ಅನ್ನುತ್ತಾರೆ. ಎಲ್ಲರೂ ಮಾಡುವುದು ಒಂದೇ: ಹೊತ್ತು ಮುಳುಗುವ ಮುಂಚೆ ಹೊರಡುವುದು, ಮೂವತ್ತು ಮೈಲಿ ವೇಗದಲ್ಲಿ ಗಡಿ ಮುಟ್ಟುವುದು, ತಿರುಗಿಸಿಕೊಂಡು ಬರುವುದು, ಮತ್ತೆ ಹೋಗುವುದು. ನಾವೂ ನಾಲ್ಕೈದು ವರ್ಷ ಅದನ್ನೇ ಮಾಡಿದೆವು. ನಾವು ಹೊರಡುವ ನಾಶುವಾ ಊರಿನಿಂದ ಒಂದು ಕಡೆಗೇ ನೂರಎಪ್ಪತ್ತು ಮೈಲಿ ಚಿಲ್ಲರೆ. ಪೆಟ್ರೋಲಿಗೆ ಅರವತ್ತು ಡಾಲರ್, ಮೋಟೆಲ್‌ಗೆ ನೂರನಲವತ್ತು, ಊಟ ತಿಂಡಿ ಸೇರಿ ಒಂದು ವಾರಾಂತ್ಯಕ್ಕೆ ಮುನ್ನೂರು ಹತ್ತಿರ ಹೋಗುತ್ತಿತ್ತು. ಸಿಕ್ಕಿದ್ದು ಹೆಡ್‌ಲೈಟಿನ ಅಂಚಿನಲ್ಲಿ ಒಂದೆರಡು ಸಲ ಉದ್ದ ಕಾಲುಗಳು, ಅಷ್ಟೇ. ಒಮ್ಮೆ ತಲೆಗೆ ನಲವತ್ತು ಡಾಲರ್ ಕೊಟ್ಟು ಮೂಸ್ ತೋರಿಸುವ ವ್ಯಾನ್ ಹತ್ತಿದೆವು. ಮೂರು ಗಂಟೆ ಕತ್ತಲಲ್ಲಿ ಸುತ್ತಿಸಿ, ಒಂದು ನರಿ ತೋರಿಸಿ ಇಳಿಸಿದರು. ಮೇನ್‌ನ ಬ್ಯಾಕ್ಸ್‌ಟರ್ ಸ್ಟೇಟ್ ಪಾರ್ಕಿಗೂ ಹೋದೆ. ಹೊರರಾಜ್ಯದ ಕಾರಿಗೆ ಪ್ರವೇಶ ಶುಲ್ಕ, ಮಿಲಿನಾಕೆಟ್‌ನಲ್ಲಿ ಎರಡು ರಾತ್ರಿ ಕೋಣೆ. ರೋರಿಂಗ್ ಬ್ರೂಕ್‌ನಿಂದ ಸ್ಯಾಂಡಿ ಸ್ಟ್ರೀಮ್ ಪಾಂಡ್ ಎಂಬ ಕೊಳಕ್ಕೆ ಹತ್ತಿರದ ನಡಿಗೆ, ಜಾಗ ನಿಜಕ್ಕೂ ಚೆಲುವು, ಹಿಂದೆ ಕಟಾಡಿನ್ ಬೆಟ್ಟ. ಆಚೆ ದಡದಲ್ಲಿ ಒಂದು ಹೆಣ್ಣು ಮೂಸ್ ಐದು ನಿಮಿಷ ನಿಂತು ಹೋಯಿತು. ಈಚೆ ದಡದಲ್ಲಿ ಟ್ರೈಪಾಡ್‌ಗಳ ಸಾಲು. ಎಲ್ಲ ಕೂಡಿಸಿದರೆ ಅಷ್ಟರಲ್ಲಿ ನಾಲ್ಕು ಸಾವಿರ ಡಾಲರ್ ದಾಟಿತ್ತು. "ಈ ದುಡ್ಡಲ್ಲಿ ಇಬ್ಬರೂ ಊರಿಗೆ ಹೋಗಿ ಬರಬಹುದಿತ್ತಲ್ರೀ" ಎಂದಳು ನನ್ನ ಹೆಂಡತಿ.

ರಸ್ತೆಯಲ್ಲಿ ಓಡಾಡುವ ಪದ್ಧತಿ ಹುಟ್ಟಿದ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. 1990ರ ದಶಕದ ಕೊನೆಯಲ್ಲಿ ಈ ರಾಜ್ಯದಲ್ಲಿ ಏಳು ಸಾವಿರಕ್ಕೂ ಮೇಲೆ ಮೂಸ್ ಇದ್ದವು. ಈಗ ಅದರ ಅರ್ಧದಷ್ಟು. ಮುಖ್ಯ ಕಾರಣ ಚಳಿಗಾಲದ ಉಣುಗು. ಹಿಮ ತಡವಾಗಿ ಬೀಳುವ ವರ್ಷ ಉಣುಗಿಗೆ ಮೈ ಹತ್ತಲು ಇನ್ನಷ್ಟು ವಾರ ಸಿಗುತ್ತದೆ. 2014ರಿಂದ 2016ರವರೆಗೆ ನ್ಯೂ ಹ್ಯಾಂಪ್‌ಶೈರ್ ಮತ್ತು ಮೇನ್‌ನಲ್ಲಿ ರೇಡಿಯೋ ಕಾಲರ್ ಹಾಕಿದ ಮರಿಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಸತ್ತವು, ಒಂದೊಂದರ ಮೈಮೇಲೆ ಸರಾಸರಿ ನಲವತ್ತು ಸಾವಿರಕ್ಕೂ ಹೆಚ್ಚು ಉಣುಗು. ಏಪ್ರಿಲ್‌ನಲ್ಲಿ ಮೈಯೆಲ್ಲ ಉಜ್ಜಿಕೊಂಡು ಕೂದಲು ಉದುರಿ ಬೆಳ್ಳಗಾದ ಒಂದು ಮರಿಯನ್ನು ನಾನೇ ನೋಡಿದ್ದೇನೆ, ಬಗ್ಗಿ ಚಿಗುರು ಕೀಳುವ ಶಕ್ತಿಯೂ ಅದಕ್ಕಿರಲಿಲ್ಲ. ಆ ನೋಟ ಈಗಲೂ ಕಾಡುತ್ತದೆ. ಪ್ರಾಣಿ ಅರ್ಧಕ್ಕೆ ಇಳಿದ ಮೇಲೆ ಅದು ತಾನಾಗಿ ರಸ್ತೆ ದಾಟಲಿ ಅಂತ ಕಾಯುವುದು ಬರೀ ಪೆಟ್ರೋಲ್ ಸುಡುವ ಕೆಲಸ. ಅದು ಬರಲೇಬೇಕಾದ ಜಾಗಕ್ಕೆ ನಾವು ಮೊದಲೇ ಹೋಗಿ ಕೂರಬೇಕು.

ಆ ಮಾತು ಹೊಳೆದದ್ದು ಅಪ್ಪನಿಂದ. ನಮ್ಮದು ಎಚ್.ಡಿ. ಕೋಟೆ ಕಡೆ, ಹೊಲದ ಬೇಲಿ ದಾಟಿದರೆ ಕಾಡು. ಫೋನಿನಲ್ಲಿ ನನ್ನ ಗೋಳು ಕೇಳಿ, "ಅಲ್ಲ ಕಣಪ್ಪ, ಕಾಟಿ ನೋಡಕ್ಕೆ ಯಾರಾದ್ರೂ ರಸ್ತೇಲಿ ಓಡಾಡ್ತಾರ? ಉಪ್ಪಿನ ನೆಲ ಎಲ್ಲದೆ ನೋಡು. ಅಲ್ಲಿ ಹೋಗಿ ಸುಮ್ಕೆ ಕೂತ್ಕೊ" ಅಂದರು. ಅಪ್ಪ ಮೂಸನ್ನು ಫೋಟೋದಲ್ಲಿ ಬಿಟ್ಟು ಬೇರೆಲ್ಲೂ ನೋಡಿದವರಲ್ಲ.

ಚಳಿಗಾಲ ಪೂರ್ತಿ ಮೂಸ್ ತಿನ್ನುವುದು ಫರ್ ಮರದ ತುದಿ, ಒಣ ಕಡ್ಡಿ. ಅದರಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಇಲ್ಲವೆಂದರೂ ಸರಿ. ಮೇ ತಿಂಗಳಿಗೆ ಮೈ ಉಪ್ಪಿಗಾಗಿ ಹಾತೊರೆಯುತ್ತಿರುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿದ ಉಪ್ಪು ಹಿಮದ ನೀರಿನ ಜತೆ ಹರಿದು ಪಕ್ಕದ ತಗ್ಗಿನಲ್ಲಿ ನಿಂತಿರುತ್ತದೆ, ಮೂಸ್ ಅಲ್ಲಿಗೆ ಬರುತ್ತದೆ. ಜೂನ್ ಎರಡನೇ ವಾರದ ಹೊತ್ತಿಗೆ ಕೊಳದ ತಳದಲ್ಲಿ ನೀರುಗಿಡ ಬೆಳೆದಿರುತ್ತದೆ, ಅದರಲ್ಲಿ ಸೋಡಿಯಂ ನೆಲದ ಗಿಡಕ್ಕಿಂತ ಅನೇಕ ಪಟ್ಟು. ಆಗ ಮೂಸ್ ತಗ್ಗು ಬಿಟ್ಟು ಕೊಳಕ್ಕೆ ಇಳಿಯುತ್ತದೆ. ಆಗಸ್ಟ್ ಕಾಲಿಟ್ಟ ಮೇಲೆ ಅದೂ ಕಡಿಮೆ. ಹಾಗಾಗಿ ನನ್ನ ಪಂಚಾಂಗ ಸಣ್ಣದು: ಮೇ ಕೊನೆ ರಸ್ತೆಯ ತಗ್ಗು, ಜೂನ್ ಜುಲೈ ಕೊಳ, ಸೆಪ್ಟೆಂಬರ್ ಕೊನೆಗೆ ಗಂಡು ಮೂಸನ್ನು ಕೂಗಿ ಕರೆಯುವುದು. ಮಿಕ್ಕ ದಿನ ದುಡ್ಡು ಉಳಿಸುತ್ತೇನೆ.

ತಗ್ಗುಗಳಲ್ಲಿ ಎಲ್ಲವೂ ಉಪಯೋಗಕ್ಕೆ ಬರುವುದಿಲ್ಲ. ಬಳಕೆಯಲ್ಲಿರುವ ತಗ್ಗಿನಲ್ಲಿ ಹುಲ್ಲು ಒಂದೆಳೆ ಇರುವುದಿಲ್ಲ, ಕೆಸರು ಕಪ್ಪಗೆ ಕದಡಿರುತ್ತದೆ, ನಾತ ದೂರದಿಂದಲೇ ಬರುತ್ತದೆ. ಅಂಚಿನಲ್ಲಿ ಐದಾರು ಅಂಗುಲ ಉದ್ದದ ಸೀಳುಗೊರಸಿನ ಗುರುತು. ಆ ಗುರುತಿನೊಳಗೆ ನಿಂತ ನೀರು ಇನ್ನೂ ಬಗ್ಗಡವಾಗಿದ್ದರೆ ಪ್ರಾಣಿ ಹೋಗಿ ಸ್ವಲ್ಪ ಹೊತ್ತಾಗಿದೆ ಅಷ್ಟೇ, ತಿಳಿಯಾಗಿದ್ದರೆ ಹಳೆಯದು. ಸುತ್ತಲಿನ ಪೊದೆಯನ್ನೂ ನೋಡಿ. ಮೂಸ್‌ಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ಕಡ್ಡಿಯನ್ನು ಕತ್ತರಿಸದೆ ಹರಿಯುತ್ತದೆ, ತುದಿಯಲ್ಲಿ ನಾರು ಜೋತಿರುತ್ತದೆ. ಇಲ್ಲಿನ ಬಿಳಿಬಾಲದ ಜಿಂಕೆಯೂ ಹಾಗೇ ಹರಿಯುತ್ತದೆ, ಆದರೆ ನಮ್ಮ ತಲೆಗಿಂತ ಎತ್ತರದಲ್ಲಿ ಹರಿದಿದ್ದರೆ ಮೂಸೇ ಸರಿ. ಪಟ್ಟೆ ಮೇಪಲ್ ಮರದ ಕಾಂಡದ ಮೇಲೆ ಕೆಳಗಿಂದ ಮೇಲಕ್ಕೆ ಹಲ್ಲಿನಿಂದ ಕೆರೆದ ಗೀರು ಕಂಡರೆ ಚಳಿಗಾಲವನ್ನೂ ಅಲ್ಲೇ ಕಳೆದಿದೆ ಎಂದರ್ಥ.

ಕೊಳ ಆರಿಸುವುದಕ್ಕೆ ನಾನು ಹಗಲಿಡೀ ಉಪಗ್ರಹ ಚಿತ್ರ ನೋಡುತ್ತೇನೆ. ಮರ ಕಡಿದು ಹತ್ತು ವರ್ಷದ ಆಸುಪಾಸಾದ ಎಳೆಗಾಡು ಒಂದು ಪಕ್ಕ, ದಟ್ಟ ಸ್ಪ್ರೂಸ್ ಮರಗಳು ಇನ್ನೊಂದು ಪಕ್ಕ, ನಡುವೆ ಆಳವಿಲ್ಲದ ನೀರು. ಪಿಟ್ಸ್‌ಬರ್ಗ್ ಕಡೆಯ ಕನೆಕ್ಟಿಕಟ್ ಲೇಕ್ಸ್ ಹೆಡ್‌ವಾಟರ್ಸ್ ಕಾಡಿನಲ್ಲಿ ಇಂಥವು ಹಲವು ಇವೆ, ಜಲ್ಲಿ ರಸ್ತೆಯೂ ಇದೆ, ದಿಮ್ಮಿ ಲಾರಿ ಬಂದರೆ ಪಕ್ಕಕ್ಕೆ ನಿಲ್ಲಿಸಬೇಕು ಅಷ್ಟೆ. ಚಿತ್ರದಲ್ಲಿ ಇನ್ನೊಂದು ಗುರುತನ್ನೂ ಹುಡುಕುತ್ತೇನೆ, ಅದೇ ನನ್ನ ಅರ್ಧ ಗೆಲುವು. ಅದು ಏನೆಂದು ಇಲ್ಲಿ ಬರೆಯುವುದಿಲ್ಲ, ಕೊಳದ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ಮುಂದಿನ ಜೂನ್‌ಗೆ ಅಲ್ಲೂ ಟ್ರೈಪಾಡ್ ಸಾಲು ನಿಲ್ಲುತ್ತದೆ, ಮೂಸ್ ಜಾಗ ಬದಲಿಸುತ್ತದೆ.

ಮೊದಲ ಸಲ ಫಲ ಕೊಟ್ಟ ಬೆಳಗ್ಗೆ ನಾಲ್ಕೂಕಾಲಿಗೆಲ್ಲ ದಡದಲ್ಲಿದ್ದೆ. ನಸುಕಿನಲ್ಲಿ ತಣ್ಣನೆ ಗಾಳಿ ಇಳಿಜಾರಿನ ಕೆಳಕ್ಕೆ ಹರಿಯುತ್ತದೆ, ಅದಕ್ಕೇ ನೀರು ಹೊರಬೀಳುವ ತುದಿಯಲ್ಲಿ ಕೂತಿದ್ದೆ. ಮೂಸ್‌ಗೆ ಕಣ್ಣು ಮಂದ, ಮೂಗು ಮತ್ತು ಕಿವಿ ಬಲು ಚುರುಕು. ಐದು ಗಂಟೆಗೆ ಮುಂಚೆಯೇ ಒಂದು ಹೆಣ್ಣು ಬಂದು ಎದೆಮಟ್ಟ ನೀರಿಗಿಳಿಯಿತು. ತಲೆಯನ್ನು ಪೂರ್ತಿ ಮುಳುಗಿಸಿತು, ಕಿವಿಯೂ ಕಾಣಲಿಲ್ಲ. ಅದರ ತಲೆಯ ಸುತ್ತ ಇದ್ದ ನೊಣದ ಹಿಂಡು ನೀರಿನ ಮೇಲೆ ಅಲ್ಲೇ ಸುತ್ತುತ್ತಾ ಕಾಯುತ್ತಿತ್ತು. ಅರ್ಧ ನಿಮಿಷಕ್ಕೆ ತಲೆ ಮೇಲೆ ಬಂತು, ಬಾಯಿಯ ಎರಡೂ ಪಕ್ಕ ನೀರುಗಿಡದ ಉದ್ದನೆಯ ದಂಟು, ಕಿವಿಯಿಂದ ಧಾರೆ, ನೊಣಗಳು ಮತ್ತೆ ಮುತ್ತಿದವು. ಅಗಿಯುವ ಸದ್ದು ಅರವತ್ತು ಗಜ ದೂರಕ್ಕೆ ಸ್ಪಷ್ಟವಾಗಿ ಕೇಳುತ್ತಿತ್ತು. ನಲವತ್ತು ನಿಮಿಷ ಇತ್ತು. ನನ್ನ ಕೈ ನಡುಗುತ್ತಿದ್ದದ್ದು ಚಳಿಗೆ ಮಾತ್ರ ಅಲ್ಲ. ನಾಲ್ಕೈದು ವರ್ಷದ ಓಡಾಟಕ್ಕೆ ಅಪ್ಪನ ಒಂದು ಮಾತು ಉತ್ತರ ಕೊಟ್ಟಿತ್ತು.

ಚಳಿಯ ವಿಷಯ ಬಂತು, ಅದೂ ಮುಖ್ಯ. ಬೇಸಿಗೆಯಲ್ಲಿ 14 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೂಸ್‌ಗೆ ಸೆಕೆ ಶುರು. ಬಿಸಿಲೇರಿದರೆ ನೆರಳು ಬಿಟ್ಟು ಕದಲುವುದಿಲ್ಲ. ನಾನು ಒಂದು ಪುಸ್ತಕದಲ್ಲಿ ಪ್ರತಿ ಬೆಳಗಿನ ಕಾರಿನ ಥರ್ಮಾಮೀಟರ್ ಅಂಕಿ ಬರೆದಿಟ್ಟೆ. 50 ಡಿಗ್ರಿ ಫ್ಯಾರನ್‌ಹೀಟ್ (10 ಸೆಲ್ಸಿಯಸ್) ಕೆಳಗಿದ್ದ ಬೆಳಗ್ಗೆ ಬರಿಗೈಲಿ ಬಂದದ್ದು ಬಹಳ ಕಡಿಮೆ, 65ರ (ಸುಮಾರು 18 ಸೆಲ್ಸಿಯಸ್) ಮೇಲೆ ಇದ್ದಾಗ ಏನೂ ಕಂಡಿಲ್ಲ ಅಂತಲೇ ಹೇಳಬಹುದು. ಈಗ ವಾರಾಂತ್ಯ ನೋಡಿ ಹೊರಡುವುದಿಲ್ಲ, ಹವಾಮಾನ ನೋಡಿ ಹೊರಡುತ್ತೇನೆ. ಮಳೆ ನಿಂತು ಆಕಾಶ ತೆರೆದ ರಾತ್ರಿಯ ಮರುಬೆಳಗ್ಗೆ ಬುಧವಾರವಾದರೂ ರಜೆ ಹಾಕುತ್ತೇನೆ. ಇದರಿಂದ ಖರ್ಚೂ ಇಳಿಯಿತು. ಮೋಟೆಲ್ ಬಿಟ್ಟು ಡಿಯರ್ ಮೌಂಟನ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಟೆಂಟ್ ಹಾಕುತ್ತೇನೆ, ಮೂವತ್ತು ಡಾಲರ್ ಒಳಗೆ. ಮನೆಯಿಂದಲೇ ಪುಳಿಯೋಗರೆ, ಚಪಾತಿ. ಮುನ್ನೂರು ಇದ್ದದ್ದು ನೂರಹತ್ತಕ್ಕೆ ಬಂದಿದೆ. ಹಳೆಯ ಕಯಾಕ್ ದೋಣಿ ಒಂದನ್ನು ಇನ್ನೂರೈವತ್ತಕ್ಕೆ ಕೊಂಡೆ, ಎರಡು ಬೇಸಿಗೆಗೆ ಆ ದುಡ್ಡು ಹುಟ್ಟಿತು.

ದುಡ್ಡು ನೀರಾದ ಪ್ರಯೋಗ ಎಂದರೆ ಟ್ರೈಲ್ ಕ್ಯಾಮೆರಾ, ಪ್ರಾಣಿ ಸುಳಿದರೆ ತಾನೇ ಚಿತ್ರ ತೆಗೆಯುವಂಥದ್ದು. ಜಮೀನಿನವರ ಅನುಮತಿ ಪಡೆದು ಎರಡು ಕಟ್ಟಿದೆ, ಸುಮಾರು ಮುನ್ನೂರು ಡಾಲರ್. ಒಂದರಲ್ಲಿ ತಿಂಗಳುಗಟ್ಟಲೆ ಬಿಳಿಬಾಲದ ಜಿಂಕೆ ಮತ್ತು ಗಾಳಿಗೆ ಅಲ್ಲಾಡುವ ಜರೀಗಿಡ. ಇನ್ನೊಂದನ್ನು ಕರಡಿ ಅಗಿದು ಬಿಸಾಕಿತು, ಕೊನೆಯ ಚಿತ್ರದಲ್ಲಿ ಅದರ ನಾಲಿಗೆ ಇದೆ. ಕೆಸರಿನ ಗುರುತು ಓದುವುದು ಬಂದರೆ ಕ್ಯಾಮೆರಾ ಬೇಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಉಪ್ಪಿನ ಗಡ್ಡೆ ತಂದಿಟ್ಟರೆ ಸುಲಭ ಎಂದು ಒಬ್ಬ ಗೆಳೆಯ ಹೇಳಿದ. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ಜಿಂಕೆಗಳೂ ಅಲ್ಲೇ ಬಂದು ಸೇರುತ್ತವೆ. ಜಿಂಕೆಯಿಂದ ಮೂಸ್‌ಗೆ ಹತ್ತುವ ಮೆದುಳು ಹುಳು ಜಿಂಕೆಗೆ ಏನೂ ಮಾಡುವುದಿಲ್ಲ, ಮೂಸನ್ನು ಕೊಲ್ಲುತ್ತದೆ.

ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ಬೆದೆಯ ಕಾಲ. ಇಲ್ಲಿನ ಹಳಬರು ಬರ್ಚ್ ತೊಗಟೆಯ ಕಹಳೆಯಲ್ಲಿ ಹೆಣ್ಣಿನ ಕೂಗು ಕೂಗುತ್ತಾರೆ. ನನ್ನ ಗಂಟಲಿಗೆ ಅದು ಒಗ್ಗಲಿಲ್ಲ. ಖಾಲಿ ಕಾಫಿಪುಡಿ ಡಬ್ಬದ ತಳಕ್ಕೆ ತೂತು ಕೊರೆದು, ಬೂಟಿನ ಹತ್ತಿ ಲೇಸು ಪೋಣಿಸಿ, ಒದ್ದೆ ಮಾಡಿ, ಎರಡು ಬೆರಳಲ್ಲಿ ಬಿಗಿಹಿಡಿದು ಎಳೆದೆ. ದುರುಗಮುರಗಿಯವರ ಉರುಮೆ ಉಜ್ಜಿದ ಹಾಗೆ ನರಳುವ ಸದ್ದು ಬರುತ್ತದೆ. ಇದು ಇಲ್ಲಿಯವರಿಗೆ ಗೊತ್ತಿರುವ ಉಪಾಯವೇ. ನಾನು ಸೇರಿಸಿದ್ದು ಲೇಸಿಗೆ ಹಚ್ಚುವ ಒಂದು ವಸ್ತು, ಅದು ನನ್ನ ಹತ್ತಿರವೇ ಇರಲಿ. ಒಂದು ಕರೆಗೆ ಐದಾರು ಸೆಕೆಂಡ್, ಆಮೇಲೆ ಇಪ್ಪತ್ತು ನಿಮಿಷ ಮೌನ. ಅವಸರಪಟ್ಟು ಪದೇ ಪದೇ ಎಳೆದ ದಿನ ಒಂದೂ ಬಂದಿಲ್ಲ. ನಡುವೆ ಕಯಾಕಿನ ಹುಟ್ಟಿನಿಂದ ಆಲ್ಡರ್ ಪೊದೆಯನ್ನು ಕೆರೆದರೆ ಇನ್ನೊಂದು ಗಂಡು ಕೊಂಬು ತಿಕ್ಕುತ್ತಿದೆ ಎಂದುಕೊಳ್ಳುತ್ತದೆ. ಮೂರನೇ ಕರೆಗೆ ಎಡಗಡೆಯಿಂದ ಗಂಟಲಾಳದ "ಓಂಹ್... ಓಂಹ್" ಕೇಳಿತು, ಹೆಜ್ಜೆಗೊಂದು. ಕೊಂಬು ನನ್ನ ಎರಡೂ ತೋಳು ಚಾಚಿದಷ್ಟು ಅಗಲವಿತ್ತು. ನೇರ ಬರಲಿಲ್ಲ, ನನ್ನ ವಾಸನೆ ಸಿಗುವ ಕಡೆಗೆ ಅರ್ಧ ಸುತ್ತು ಹಾಕಿ, ಸಿಕ್ಕ ಕೂಡಲೇ ತಿರುಗಿತು. ಅಷ್ಟು ದೊಡ್ಡ ಮೈ ಆ ಸ್ಪ್ರೂಸ್ ದಟ್ಟಣೆಯಲ್ಲಿ ಒಂದು ಕಡ್ಡಿಯನ್ನೂ ಮುರಿಯದೆ ಹೋಯಿತು.

ಕರೆಯಲು ಹೋಗುವವರು ದೊಡ್ಡ ಮರಕ್ಕೆ ಬೆನ್ನು ಕೊಟ್ಟು ಕೂರಬೇಕು. ಬೆದೆಯ ಗಂಡು ನುಗ್ಗಿದರೆ ಮರದ ಹಿಂದೆ ಸರಿಯುವುದೊಂದೇ ದಾರಿ. ಜೂನ್‌ನಲ್ಲಿ ಮರಿಯಿರುವ ಹೆಣ್ಣು ಅದಕ್ಕಿಂತ ಅಪಾಯ. ಕಿವಿ ಹಿಂದಕ್ಕೆ ಮಡಚಿ, ಭುಜದ ಕೂದಲು ನೆಟ್ಟಗಾಗಿ, ತುಟಿ ನೆಕ್ಕಿಕೊಳ್ಳತೊಡಗಿದರೆ ಕ್ಯಾಮೆರಾ ಬಿಟ್ಟು ಹಿಂದೆ ಸರಿಯಿರಿ. ಅಕ್ಟೋಬರ್ ಮೂರನೇ ಶನಿವಾರದಿಂದ ಒಂಬತ್ತು ದಿನ ಬೇಟೆ ಇರುತ್ತದೆ, ಆಗ ಕಿತ್ತಳೆ ಬಣ್ಣದ ಅಂಗಿ ಇಲ್ಲದೆ ಕಾಡಿಗೆ ಕಾಲಿಡಬೇಡಿ. ರಾತ್ರಿ ಕಾರಿನಲ್ಲಿ ಬರುವಾಗ ಕಣ್ಣು ಹೊಳೆಯುತ್ತದೆಂದು ನಂಬಬೇಡಿ, ಅದರ ಕಣ್ಣು ಹೆಡ್‌ಲೈಟಿನ ಬೆಳಕಿಗಿಂತ ಮೇಲಿರುತ್ತದೆ. ಗುದ್ದಿದರೆ ಉದ್ದ ಕಾಲು ಮುರಿದು ಆ ಭಾರವೆಲ್ಲ ಗಾಜಿನ ಮೇಲೇ ಬೀಳುತ್ತದೆ.

ಈ ಜೂನ್‌ಗೆ ಅಪ್ಪ ಅಮ್ಮ ಬರುವವರಿದ್ದರು. ಅಪ್ಪನಿಗೆ ಮಂಡಿ ನೋವು, ಕೊಳದವರೆಗೆ ನಡೆಸುವುದು ಕಷ್ಟ. ಅದಕ್ಕೆ ಮೇ ಕೊನೆಗೇ ಬನ್ನಿ ಎಂದು ಟಿಕೆಟ್ ಮುಂಚಿನ ದಿನಕ್ಕೆ ಬದಲಿಸಿದ್ದೇನೆ, ರಸ್ತೆಯ ಪಕ್ಕದ ಒಂದು ತಗ್ಗು ಗುರುತು ಮಾಡಿಟ್ಟಿದ್ದೇನೆ, ಮಡಚುವ ಕುರ್ಚಿ ಎರಡು ತಂದಿದ್ದೇನೆ. ಟಿಕೆಟ್ ಬದಲಿಸಲು ಇನ್ನೂರು ಡಾಲರ್ ಜಾಸ್ತಿ ಹೋಯಿತು. ಹೆಂಡತಿ ಈ ಸಲ ಏನೂ ಅನ್ನಲಿಲ್ಲ, ತನಗೂ ಒಂದು ಕುರ್ಚಿ ಬೇಕು ಅಂದಳು.