ಒಂದೇ ಪಾತ್ರೆಯಲ್ಲಿ ಚೀಸ್ ಬೀಫ್ ಪಾಸ್ತಾ: ನೀರು ಬಸಿಯದೆ ಮಾಡಿದ ನನ್ನ ಅನುಭವ

ರುಬ್ಬಿದ ಬೀಫ್ (ಖೀಮಾ) ಹುರಿದ ಪಾತ್ರೆಗೇ ಒಣ ಪಾಸ್ತಾ ಸುರಿಯುವುದು. ಅಳೆದು ನೀರು ಹಾಕುವುದು. ಬೆಂದ ಮೇಲೆ ಬಸಿಯದೆ, ಅದೇ ನೀರಿನಲ್ಲಿ ಚೀಸ್ ಕರಗಿಸಿ ಇಳಿಸುವುದು. ಇಷ್ಟೇ ನನ್ನ ವಿಧಾನ. ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನ ನಮ್ಮ ಕನ್ನಡದವರ ಗುಂಪಿನಲ್ಲಿ ಇದನ್ನು ಹೇಳಿದಾಗ ಒಬ್ಬರೂ ನಂಬಲಿಲ್ಲ. "ಅದು ಪಾಸ್ತಾ ಆಗಲ್ಲ, ಗಂಜಿ ಆಗುತ್ತೆ" ಅಂದರು ಒಬ್ಬರು. "ತಳ ಹಿಡಿಯುತ್ತೆ ನೋಡ್ತಿರು" ಅಂದರು ಇನ್ನೊಬ್ಬರು. ಇಬ್ಬರ ಮಾತೂ ಕೆಲವು ತಿಂಗಳು ನಿಜವೇ ಆಗಿತ್ತು. ಈಗ ಪಾಟ್‌ಲಕ್‌ಗೆ, ಅಂದರೆ ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಳ್ಳುವ ಊಟಕ್ಕೆ, ಹೋದರೆ ಮೊದಲು ಖಾಲಿಯಾಗುವುದು ನನ್ನ ಪಾತ್ರೆ. ಗಂಜಿ ಅಂದವರೇ ತಳ ಕೆರೆದು ಬಡಿಸಿಕೊಳ್ಳುತ್ತಾರೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇಲ್ಲಿನವರಿಗೆ ಇದು ಹೊಸದೇನಲ್ಲ. 1971ರಲ್ಲಿ ಹ್ಯಾಂಬರ್ಗರ್ ಹೆಲ್ಪರ್ ಅನ್ನುವ ಡಬ್ಬಿ ಬಂತು. ಮಾಂಸ ದುಬಾರಿಯಾಗಿದ್ದ ಕಾಲ. ಒಂದು ಪೌಂಡ್ (ಸುಮಾರು 450 ಗ್ರಾಂ) ಬೀಫನ್ನು ಇಡೀ ಮನೆಗೆ ಸಾಲಿಸಬೇಕು ಅಂದವರಿಗೆ ಅದು ವರದಾನ. ಪಾಸ್ತಾ, ಮಸಾಲೆ ಪುಡಿ ಡಬ್ಬಿಯಲ್ಲೇ ಇರುತ್ತೆ. ಮಾಂಸ ಮಾತ್ರ ನಮ್ಮದು. ಇನ್ನು ಕೊಲಂಬಸ್‌ಗೆ ತನ್ನದೇ ಜಾನಿ ಮಾರ್ಜೆಟ್ಟಿ ಇದೆ. ಬೀಫ್, ಟೊಮೆಟೊ, ಪಾಸ್ತಾ, ಮೇಲೆ ಚೀಸ್ ಹಾಕಿ ಓವನ್‌ನಲ್ಲಿಡುವ ಅಡುಗೆ. ಇಲ್ಲಿನ ಮಾರ್ಜೆಟ್ಟಿ ಹೋಟೆಲಿನ ಹೆಸರು ಅದಕ್ಕೆ ಅಂಟಿಕೊಂಡಿದೆ. ಆ ಹೆಸರನ್ನು ಈಗ ಅಂಗಡಿಯ ಸಲಾಡ್ ಡ್ರೆಸ್ಸಿಂಗ್ ಬಾಟಲಿಯ ಮೇಲೆ ನೀವೂ ನೋಡಿರುತ್ತೀರಿ. ಅದು ರುಚಿಯೇ, ಆದರೆ ಓವನ್ ಕೆಲಸ, ಕೆಲಸದ ದಿನ ಸಂಜೆ ಯಾರಿಗೆ ಬೇಕು?

ಡಬ್ಬಿಯದ್ದು ನಾನೂ ಮಾಡಿದ್ದೆ. ಉಪ್ಪು ಜಾಸ್ತಿ, ಚೀಸ್ ಬದಲು ಚೀಸಿನ ಪುಡಿ. ನಾವು ಮಂಗಳೂರು ಕಡೆಯ ಕ್ರೈಸ್ತರು, ಬೀಫ್ ಸುಕ್ಕ ತಿಂದು ಬೆಳೆದ ನಾಲಿಗೆ. ಆ ಪುಡಿ ಇಳಿಯಲೇ ಇಲ್ಲ.

ಮೊದಲು ಮಾಂಸದ ವಿಷಯ. 93/7, ಅಂದರೆ ನೂರರಲ್ಲಿ 93 ಪಾಲು ಮಾಂಸ, 7 ಪಾಲು ಕೊಬ್ಬು ಇರುವುದು ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಕೊಬ್ಬು ಕಡಿಮೆ, ಬೆಲೆ ಜಾಸ್ತಿ. ಈ ಅಡುಗೆಗೆ ಅದು ದಂಡ. ಬೆಂದ ಮೇಲೆ ಮರಳು ಮರಳಾಗುತ್ತೆ. 80/20 ತಂದರೆ ರುಚಿ ಬರುತ್ತೆ, ಆದರೆ ಕೊಬ್ಬು ಬಸಿಯಬೇಕು. ಬಸಿಯದಿದ್ದರೆ ಚೀಸ್ ಜೊತೆ ಸೇರಿ ಮೇಲೆ ಎಣ್ಣೆ ತೇಲುತ್ತೆ. ಎರಡೂ ನೋಡಿ ಆದಮೇಲೆ 85/15ಕ್ಕೆ ನಿಂತಿದ್ದೇನೆ. ಅರ್ಧ ಚಮಚದಷ್ಟೂ ಎಣ್ಣೆ ಬೇಡ, ಬಸಿಯುವ ಕೆಲಸವೂ ಇಲ್ಲ.

ಹುರಿಯುವುದರಲ್ಲೇ ನನ್ನ ಅರ್ಧ ಪಾಸ್ತಾ ಹಾಳಾಗುತ್ತಿತ್ತು. ನಾವೆಲ್ಲ ಖೀಮಾ ಮಾಡುವ ಅಭ್ಯಾಸದಲ್ಲಿ ಮಾಂಸ ಬಿದ್ದ ತಕ್ಷಣ ಸೌಟು ಹಾಕಿ ಕೆದಕುತ್ತೇವೆ. ಅದು ನೀರು ಬಿಡುತ್ತೆ, ಬೂದು ಬಣ್ಣಕ್ಕೆ ತಿರುಗುತ್ತೆ. ಅಲ್ಲಿಗೆ ಅದು ಹುರಿದ ಮಾಂಸ ಅಲ್ಲ, ಬೇಯಿಸಿದ ಮಾಂಸ. ಸುಕ್ಕಕ್ಕೆ ಮಸಾಲೆ ಇದೆ, ನಡೆಯುತ್ತೆ. ಪಾಸ್ತಾಗೆ ಆ ಕಂದು ಬಣ್ಣವೇ ರುಚಿ. ಈಗ ನಾನು ಒಂದು ಪೌಂಡ್ ಮಾಂಸಕ್ಕೆ ಕಾಲು ಚಮಚ ಅಡುಗೆ ಸೋಡಾ ಸವರಿ, ಈರುಳ್ಳಿ ಹೆಚ್ಚುವಷ್ಟು ಹೊತ್ತು ಬಿಡುತ್ತೇನೆ. ಆಮೇಲೆ ಚೆನ್ನಾಗಿ ಕಾದ ಪಾತ್ರೆಗೆ ಇಡೀ ಮಾಂಸವನ್ನು ಒಂದೇ ರೊಟ್ಟಿಯ ಹಾಗೆ ತಟ್ಟಿ ಒತ್ತುತ್ತೇನೆ. ಐದು ನಿಮಿಷ ಮುಟ್ಟುವುದಿಲ್ಲ. ಹೊಗೆ ಬಂದರೂ ಮುಟ್ಟುವುದಿಲ್ಲ. ಅಡಿ ಚೆನ್ನಾಗಿ ಕೆಂಪಾದ ಮೇಲೆ ತಿರುವಿ ಒಡೆಯುವುದು. ತಳದಲ್ಲಿ ಕಂದು ಪದರ ಹಿಡಿದಿರುತ್ತೆ, ಹೆದರಬೇಡಿ. ಈರುಳ್ಳಿ ಬಿದ್ದು ನೀರು ಬಿಟ್ಟಾಗ ಮರದ ಸೌಟಿನಲ್ಲಿ ಕೆರೆದರೆ ಎದ್ದು ಬರುತ್ತೆ. ಆಮೇಲೆ ಬೆಳ್ಳುಳ್ಳಿ, ಎರಡು ದೊಡ್ಡ ಚಮಚ ಟೊಮೆಟೊ ಪೇಸ್ಟ್. ಪೇಸ್ಟ್ ಇಟ್ಟಿಗೆ ಬಣ್ಣಕ್ಕೆ ಬರುವ ತನಕ ಹುರಿಯಬೇಕು, ಹಸಿ ವಾಸನೆ ಹೋಗಬೇಕು.

ಪಾತ್ರೆ ಬಗ್ಗೆ ಎರಡೇ ಮಾತು. ಊರಿಂದ ತಂದ ತೆಳು ತಳದ ಸ್ಟೀಲ್ ಪಾತ್ರೆಯಲ್ಲಿ ಇದು ಆಗಲ್ಲ, ತಳ ಹಿಡಿದೇ ಹಿಡಿಯುತ್ತೆ. ಎಲೆಕ್ಟ್ರಿಕ್ ಪ್ರೆಶರ್ ಪಾಟ್‌ನಲ್ಲೂ ನೋಡಿದೆ. ಟೊಮೆಟೊ ತಳದಲ್ಲಿ ಕೂತರೆ ಅದು ಕಿರುಚಿ ನಿಲ್ಲುತ್ತೆ. ನಿಲ್ಲದಿದ್ದರೂ ಒಳಗೆ ಪಾಸ್ತಾ ಎಷ್ಟು ಬೆಂದಿದೆ ಅಂತ ಕಾಣಲ್ಲ, ಮುಚ್ಚಳ ತೆಗೆಯುವಷ್ಟರಲ್ಲಿ ಮೆತ್ತಗಾಗಿರುತ್ತೆ. ಕೊನೆಗೆ ಸೇಲ್‌ನಲ್ಲಿ 60 ಡಾಲರ್ ಹತ್ತಿರ ಕೊಟ್ಟು ಆರು ಕ್ವಾರ್ಟ್‌ನ (ಸುಮಾರು ಐದೂಮುಕ್ಕಾಲು ಲೀಟರ್) ಎನಾಮಲ್ ಬಳಿದ ಎರಕದ ಕಬ್ಬಿಣದ ಪಾತ್ರೆ ತಂದೆ. ಹೆಂಡತಿ ಆ ದಿನ ಮುಖ ಊದಿಸಿಕೊಂಡಿದ್ದಳು. ಈಗ ಅವಳ ಬಿರಿಯಾನಿಯೂ ಅದರಲ್ಲೇ.

ಇನ್ನು ನೀರು. ಎಲ್ಲ ಇರುವುದು ಇಲ್ಲೇ. ಪಾಸ್ತಾ ಬಿಡುವ ಗಂಜಿ ಪಾತ್ರೆಯಲ್ಲೇ ಉಳಿಯುವುದರಿಂದ ಸಾಸ್ ತಾನಾಗಿ ದಪ್ಪ ಆಗುತ್ತೆ. ಮೈದಾ, ಕಾರ್ನ್‌ಫ್ಲೋರ್ ಏನೂ ಬೇಡ. ಗಂಜಿ ಅಂತ ನಕ್ಕರಲ್ಲ, ಆ ಗಂಜಿಯೇ ನನ್ನ ಸಾಸ್! ಆದರೆ ಬಸಿಯುವ ಅಡುಗೆಯಲ್ಲಿ ನೀರು ಹೆಚ್ಚಾದರೆ ಚೆಲ್ಲಬಹುದು, ಇಲ್ಲಿ ಹಾಗಿಲ್ಲ. ಶುರುವಿನಲ್ಲಿ ಪಾಸ್ತಾ ಮುಳುಗುವಷ್ಟು ಅಂತ ಕಣ್ಣಂದಾಜಿನಲ್ಲಿ ಸುರಿಯುತ್ತಿದ್ದೆ. ಅಗಲ ಪಾತ್ರೆಯಲ್ಲಿ ಮುಳುಗುವಷ್ಟು ಹಾಕಿದರೆ ಸೂಪ್, ಕಿರಿದಾದ ಪಾತ್ರೆಯಲ್ಲಿ ಹಾಕಿದರೆ ಮೇಲಿನ ಪಾಸ್ತಾ ಗಟ್ಟಿ, ಕೆಳಗಿನದು ಅಂಟು. ಸೂಪ್ ಆದದ್ದನ್ನು ಬತ್ತಿಸಲು ಹೋದರೆ ಪಾಸ್ತಾ ಬೆಂದು ಕರಗಿಹೋಗುತ್ತೆ.

ಈಗಿನ ಲೆಕ್ಕ ಇದು. 12 ಔನ್ಸ್ ಪಾಸ್ತಾ, ಅಂದರೆ 340 ಗ್ರಾಂ. ಅದಕ್ಕೆ ಮೂರೂಕಾಲು ಕಪ್ ನೀರು ಅಥವಾ ಬೀಫ್ ಸ್ಟಾಕ್ (ಮಾಂಸ, ಮೂಳೆ ಬೇಯಿಸಿ ಸೋಸಿದ ನೀರು), ಜೊತೆಗೆ 8 ಔನ್ಸಿನ ಒಂದು ಚಿಕ್ಕ ಡಬ್ಬಿ ಟೊಮೆಟೊ ಸಾಸ್. ಕಪ್ ಅಂದರೆ ಇಲ್ಲಿನ 240 ಮಿಲಿ ಕಪ್. ನೀರು ಕುದಿಯುತ್ತಿರುವುದನ್ನೇ ಹಾಕಿ, ತಣ್ಣೀರು ಹಾಕಿದರೆ ಕುದಿ ಬರುವ ತನಕ ಪಾಸ್ತಾ ನೆನೆಯುತ್ತಾ ಕೂತಿರುತ್ತೆ. ಮುಚ್ಚಳ ಮುಚ್ಚಿ ಸಣ್ಣ ಉರಿ. ಎರಡು ಮೂರು ನಿಮಿಷಕ್ಕೊಮ್ಮೆ ತಳ ಮುಟ್ಟಿ ತಿರುಗಿಸಬೇಕು, ಇದಕ್ಕೆ ಸೋಮಾರಿತನ ಮಾಡಿದರೆ ನನ್ನ ದೂರಬೇಡಿ. ಪಾಸ್ತಾ ಡಬ್ಬಿಯ ಮೇಲೆ ಎಷ್ಟು ನಿಮಿಷ ಅಂತ ಬರೆದಿರುತ್ತೋ ಅದಕ್ಕಿಂತ ಎರಡು ನಿಮಿಷ ಜಾಸ್ತಿ ಹಿಡಿಯುತ್ತೆ. ಉಪ್ಪು ಕೊನೆಗೆ. ಸ್ಟಾಕ್‌ನಲ್ಲೂ ಇದೆ, ಚೀಸ್‌ನಲ್ಲೂ ಇದೆ.

ಯಾವಾಗ ನಿಲ್ಲಿಸಬೇಕು ಅಂತ ಗಡಿಯಾರ ನೋಡಿ ಹೇಳಲಾಗದು. ಶುರುವಿನಲ್ಲಿ ಗುಳ್ಳೆಗಳು ಚಿಕ್ಕದಾಗಿ, ಚುರುಕಾಗಿ ಏಳುತ್ತವೆ. ನೀರು ಗಂಜಿಗಟ್ಟುತ್ತಿದ್ದ ಹಾಗೆ ಗುಳ್ಳೆ ದೊಡ್ಡದಾಗುತ್ತವೆ, ಸಪ್ಪಳ ಬದಲಾಗುತ್ತೆ, "ಪ್ಲಪ್ ಪ್ಲಪ್" ಅನ್ನುತ್ತೆ. ಆಗ ಸೌಟಿನಲ್ಲಿ ತಳದ ಮೇಲೆ ಒಂದು ಗೆರೆ ಎಳೆಯಿರಿ. ಗೆರೆ ತಕ್ಷಣ ಮುಚ್ಚಿಕೊಂಡರೆ ಇನ್ನೂ ಇದೆ. ಒಂದೆರಡು ಕ್ಷಣ ತಳ ಕಂಡು ನಿಧಾನಕ್ಕೆ ಮುಚ್ಚಿಕೊಂಡರೆ ಒಲೆ ಆರಿಸಿ. ನೋಡಲು ಇನ್ನೂ ನೀರಾಗಿದೆ ಅನಿಸುತ್ತೆ. ಅನಿಸಲಿ, ಬಿಡಿ. ಬಡಿಸುವಷ್ಟರಲ್ಲಿ ಪಾಸ್ತಾ ಅದನ್ನು ಕುಡಿದಿರುತ್ತೆ.

ಪಾಸ್ತಾದ ಆಕಾರವೂ ಮುಖ್ಯ. ಎಲ್ಬೋ ಮ್ಯಾಕರೋನಿ ಬೇಗ ಬೇಯುತ್ತೆ, ಬೇಗ ಮೆತ್ತಗೂ ಆಗುತ್ತೆ. ಪೆನ್ನೆ ಪರವಾಗಿಲ್ಲ. ನನಗೆ ಹಿಡಿಸಿದ್ದು ಕವಟಾಪಿ, ಸ್ಪ್ರಿಂಗ್ ತರಹ ಸುತ್ತಿಕೊಂಡ ಕೊಳವೆ. ಒಳಗೆ ಸಾಸ್ ತುಂಬಿಕೊಳ್ಳುತ್ತೆ, ಸುಲಭಕ್ಕೆ ಒಡೆಯಲ್ಲ. ಇಡಿ ಗೋಧಿಯ (ಹೋಲ್ ವೀಟ್) ಪಾಸ್ತಾಗೆ ಅರ್ಧ ಕಪ್ ನೀರು ಹೆಚ್ಚು ಬೇಕು. ಒಮ್ಮೆ ಮನೆಯಲ್ಲಿ ಪಾಸ್ತಾ ಇಲ್ಲದೆ ಇಂಡಿಯನ್ ಸ್ಟೋರಿನ ಶ್ಯಾವಿಗೆ ಹಾಕಿದೆ. ಚೀಸ್ ಹಾಕಿದ ಬೀಫ್ ಉಪ್ಪಿಟ್ಟು ಆಯಿತು. ಮಗಳಿಗೆ ಇಷ್ಟವಾಯಿತು, ನಾನಂತೂ ಮತ್ತೆ ಮಾಡಲ್ಲ.

ಹಾಲಿನದು ಇನ್ನೊಂದು ತಲೆನೋವು. ಟೊಮೆಟೊ ಹುಳಿ ಇರುವ ಕಡೆ ಸಾದಾ ಹಾಲು ಹಾಕಿ ಕುದಿಸಿದರೆ ಒಡೆಯುತ್ತೆ, ಪನೀರ್ ಮಾಡುವವರಿಗೆ ಹೇಳಬೇಕೇ? ಕ್ರೀಮ್ ಹಾಕಿದರೆ ಒಡೆಯಲ್ಲ, ಆದರೆ ದುಡ್ಡು ಜಾಸ್ತಿ, ತಿಂದ ಮೇಲೆ ಹೊಟ್ಟೆ ಭಾರ. ಎವಾಪರೇಟೆಡ್ ಹಾಲಿನ ಡಬ್ಬಿ ತಂದ ದಿನ ಈ ಸಮಸ್ಯೆ ಮುಗಿಯಿತು. ಬತ್ತಿಸಿ ಕಾಯಿಸಿ ಡಬ್ಬಿಗೆ ತುಂಬಿದ ಹಾಲು ಅದು, ಸುಲಭಕ್ಕೆ ಒಡೆಯಲ್ಲ. ಮುಕ್ಕಾಲು ಕಪ್ ಸಾಕು, ಒಲೆ ಆರಿಸುವ ಸ್ವಲ್ಪ ಮೊದಲು. ಕಂಡೆನ್ಸ್ಡ್ ಹಾಲಿನ ಡಬ್ಬಿ ಪಕ್ಕದಲ್ಲೇ ಇರುತ್ತೆ, ಅದು ಸಕ್ಕರೆ ಹಾಕಿದ್ದು, ಅವಸರದಲ್ಲಿ ಅದನ್ನು ಎತ್ತಿಕೊಂಡು ಬರಬೇಡಿ.

ಚೀಸ್‌ಗೆ ಬರೋಣ. ತುರಿದ ಚೀಸ್ ಪ್ಯಾಕೆಟ್ ಸುಲಭ ಅಲ್ವಾ? ಅದು ಅಂಟದಿರಲಿ ಅಂತ ಆಲೂಗಡ್ಡೆ ಪಿಷ್ಟ, ಸೆಲ್ಯುಲೋಸ್ ಸವರಿರುತ್ತಾರೆ. ಕರಗಿದಾಗ ನಯವಾಗಿ ಬರುವುದಿಲ್ಲ, ನಾಲಿಗೆಗೆ ಹಿಟ್ಟು ಹಿಟ್ಟು. ಶಾರ್ಪ್ ಚೆಡ್ಡರ್ ಗಟ್ಟಿ ತಂದು ಮನೆಯಲ್ಲೇ ತುರಿಯಿರಿ, 6 ಔನ್ಸ್ ಆಸುಪಾಸು. ಒಲೆ ಆರಿಸಿ ಎರಡು ನಿಮಿಷ ಬಿಟ್ಟು, ಹಿಡಿ ಹಿಡಿಯಾಗಿ ಹಾಕಿ ತಿರುಗಿಸಿ. ಕುದಿಯುವಾಗ ಹಾಕಿದರೆ ಚೀಸಿನ ಕೊಬ್ಬು ಒಂದು ಕಡೆ, ಉಳಿದದ್ದು ರಬ್ಬರ್ ಉಂಡೆಯಾಗಿ ಇನ್ನೊಂದು ಕಡೆ. ಜೊತೆಗೆ ಎರಡು ಸ್ಲೈಸ್ ಅಮೆರಿಕನ್ ಚೀಸ್ ಹರಿದು ಹಾಕುತ್ತೇನೆ. ಮೂಗು ಮುರಿಯಬೇಡಿ. ಅದರಲ್ಲಿ ಸೋಡಿಯಂ ಸಿಟ್ರೇಟ್ ತರಹದ ಉಪ್ಪು ಇರುತ್ತೆ, ಅದು ಚೆಡ್ಡರ್ ಒಡೆಯದಂತೆ ಹಿಡಿದುಕೊಳ್ಳುತ್ತೆ.

ಆ ಸ್ಲೈಸ್ ಕೂಡ ಬೇಡ, ಪೂರ್ತಿ ಮನೆಯದ್ದೇ ಆಗಲಿ ಅಂತ ಒಂದು ಹುಚ್ಚು ಹಿಡಿದಿತ್ತು. ನಿಂಬೆ ರಸಕ್ಕೆ ಅಡುಗೆ ಸೋಡಾ ಹಾಕಿದರೆ ನೊರೆ ಬಂದು ಸಿಟ್ರೇಟೇ ಆಗುತ್ತೆ, ಶಾಲೆಯ ಕೆಮಿಸ್ಟ್ರಿ. ನೊರೆ ನಿಲ್ಲುವ ತನಕ ಚಿಟಿಕೆ ಚಿಟಿಕೆ ಹಾಕಿ, ಆ ನೀರಿನಲ್ಲಿ ಚೆಡ್ಡರ್ ಕರಗಿಸಿದೆ. ರೇಷ್ಮೆಯಂಥ ಸಾಸ್ ಬಂತು, ನಿಜ. ಆದರೆ ಸೋಡಾ ಒಂದು ಚಿಟಿಕೆ ಹೆಚ್ಚಾದರೆ ಸಾಬೂನಿನ ರುಚಿ, ಕಡಿಮೆಯಾದರೆ ನಿಂಬೆ ಹುಳಿ. ಭಾನುವಾರಕ್ಕೆ ಸರಿ, ಮಂಗಳವಾರ ರಾತ್ರಿ ಏಳು ಗಂಟೆಗೆ ಸ್ಲೈಸ್ ಹರಿದು ಹಾಕುವುದೇ ಲೇಸು.

ಮಸಾಲೆಯಲ್ಲಿ ಇಲ್ಲಿನವರು ಪ್ಯಾಪ್ರಿಕಾ ಹಾಕುತ್ತಾರೆ. ನಾನು ಬ್ಯಾಡಗಿ ಪುಡಿ ಒಂದೂವರೆ ಚಮಚ ಹಾಕುತ್ತೇನೆ. ಬಣ್ಣ ಹಾಗೇ ಕೆಂಪಗೆ, ಖಾರ ಕಮ್ಮಿ, ಮಕ್ಕಳೂ ತಿನ್ನುತ್ತಾರೆ. ಅಮ್ಮ ಕಳಿಸುವ ಬಫಾತ್ ಪುಡಿಯನ್ನೂ (ನಮ್ಮ ಮಂಗಳೂರು ಕ್ರೈಸ್ತರ ಮಾಂಸದ ಮಸಾಲೆ ಪುಡಿ) ಹಾಕಿ ನೋಡಿದ್ದೇನೆ. ಸುಕ್ಕಕ್ಕೆ ಹಾಕುವಷ್ಟು ಹಾಕಿದರೆ ಚೀಸ್ ಸತ್ತೇಹೋಗುತ್ತೆ. ಅರ್ಧ ಚಮಚ, ಅದೂ ಮಾಂಸ ಹುರಿಯುವಾಗಲೇ ಹಾಕಿದರೆ ಹಿಂದೆ ಎಲ್ಲೋ ಕೊತ್ತಂಬರಿ ಬೀಜ, ಜೀರಿಗೆ ಇದೆ ಅನಿಸುತ್ತೆ, ಅಷ್ಟೇ. ಇದಲ್ಲದೆ ಫ್ರಿಜ್ ಬಾಗಿಲಿನ ಒಂದು ಬಾಟಲಿಯಿಂದ ಒಂದು ಚಮಚ ಬೀಳುತ್ತೆ, ನೀರು ಹಾಕುವ ಮೊದಲು. ಅದು ಯಾವುದು ಅಂತ ಪಾಟ್‌ಲಕ್‌ನಲ್ಲಿ ಕೇಳಿದವರಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ. ಅದಿಲ್ಲದೆಯೂ ಚೆನ್ನಾಗೇ ಆಗುತ್ತೆ.

ದುಡ್ಡಿನ ಲೆಕ್ಕ. ಬೀಫ್ ಈಗ ಪೌಂಡಿಗೆ ಆರು ಡಾಲರ್ ದಾಟಿದೆ. ಈ ದೇಶದಲ್ಲಿ ದನಗಳ ಸಂಖ್ಯೆ 1951ರ ನಂತರ ಇಷ್ಟು ಇಳಿದದ್ದೇ ಇಲ್ಲ, ಸದ್ಯಕ್ಕೆ ಅಗ್ಗ ಆಗುವ ಲಕ್ಷಣ ಕಾಣಲ್ಲ. ಪಾಸ್ತಾ ಒಂದೂವರೆ, ಚೀಸ್ ಮೂರು, ಹಾಲಿನ ಡಬ್ಬಿ ಎರಡರ ಹತ್ತಿರ, ಟೊಮೆಟೊ, ಈರುಳ್ಳಿ ಎಲ್ಲ ಸೇರಿ 14 ಡಾಲರ್ ಒಳಗೆ. ಆರು ಜನ ಹೊಟ್ಟೆ ತುಂಬ ತಿನ್ನಬಹುದು. ತಲೆಗೆ ಎರಡು ಡಾಲರ್ ಚಿಲ್ಲರೆ. ಹೊರಗೆ ಒಂದು ಬರ್ಗರ್ ಬರುತ್ತಾ ಅಷ್ಟಕ್ಕೆ? ಕಲಿಯುವಾಗ ಕಸದ ಬುಟ್ಟಿಗೆ ಹೋದದ್ದು 60, 70 ಡಾಲರ್ ಇರಬೇಕು, ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಉಳಿಸಬೇಕೆಂದರೆ ಐದು ಪೌಂಡಿನ ಪ್ಯಾಕ್ ತನ್ನಿ. ಒಂದೊಂದು ಪೌಂಡ್ ಜಿಪ್ ಚೀಲಕ್ಕೆ ಹಾಕಿ ಚಪ್ಪಟೆ ತಟ್ಟಿ ಫ್ರೀಜರ್‌ನಲ್ಲಿಡಿ. ಚೀಲ ಸಮೇತ ತಣ್ಣೀರಿನಲ್ಲಿ ಮುಳುಗಿಸಿಟ್ಟರೆ ಅರ್ಧ ಗಂಟೆಯೊಳಗೆ ಬಿಟ್ಟುಕೊಳ್ಳುತ್ತೆ. ಹುರಿಯುವ ಮೊದಲು ಚೆನ್ನಾಗಿ ಒರೆಸಿ, ಇಲ್ಲದಿದ್ದರೆ ಮತ್ತೆ ಆ ಬೂದು ಬಣ್ಣ.

ಮಂಗಳೂರಿನಲ್ಲಿರುವ ತಮ್ಮ ಇದನ್ನು ಕೇಳಿ ಬರೆದುಕೊಂಡ. 2021ರಿಂದ ಜಾರಿಯಲ್ಲಿರುವ ಕರ್ನಾಟಕದ ಜಾನುವಾರು ಹತ್ಯೆ ತಡೆ ಕಾಯ್ದೆಯಲ್ಲಿ 13 ವರ್ಷ ದಾಟಿದ ಎಮ್ಮೆ, ಕೋಣವನ್ನು ಮಾತ್ರ ಕಡಿಯಲು ಅವಕಾಶ, ಹಾಗಾಗಿ ಅವನದ್ದು ಎಮ್ಮೆ ಮಾಂಸ. ಅದರಲ್ಲಿ ಕೊಬ್ಬು ಕಡಿಮೆ, ವಯಸ್ಸಾದದ್ದಾದರೆ ನಾರು ಜಾಸ್ತಿ. ಎರಡು ಸಲ ರುಬ್ಬಿಸಿ, ಎರಡು ಚಮಚ ಎಣ್ಣೆ ಹಾಕಿ, ಪಾಸ್ತಾ ಹಾಕುವ ಮೊದಲು ಅರ್ಧ ಗಂಟೆ ಮಾಂಸವನ್ನು ಬೇರೆಯಾಗಿ ಬೇಯಿಸಿಕೋ ಅಂದೆ. ಬೆಂದ ನೀರನ್ನು ಚೆಲ್ಲದೆ ಅಳತೆಗೆ ಸೇರಿಸಿಕೊಂಡನಂತೆ. ಅಲ್ಲಿ ಚೆಡ್ಡರ್ ದುಬಾರಿ, ಅರ್ಧ ಚೆಡ್ಡರ್, ಅರ್ಧ ಸಂಸ್ಕರಿಸಿದ ಚೀಸ್ ಕ್ಯೂಬ್ ಹಾಕಿದ. ಚೆನ್ನಾಗಿ ಬಂತು ಅಂತ ಫೋಟೋ ಕಳಿಸಿದ್ದಾನೆ. ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಿದ್ದ, ಅದು ಅವನಿಷ್ಟ.

ಉಳಿದದ್ದು ಮಾರನೆಯ ದಿನಕ್ಕೆ ಇಟ್ಟಿಗೆಯಾಗುತ್ತೆ. ಮೈಕ್ರೋವೇವ್‌ಗೆ ಹಾಗೇ ಇಟ್ಟರೆ ಎಣ್ಣೆ ಬಿಡುತ್ತೆ. ಒಂದು ತಟ್ಟೆಗೆ ಎರಡು ಚಮಚ ಹಾಲು ಚಿಮುಕಿಸಿ, ಮುಚ್ಚಿ, ಅರ್ಧ ಪವರ್‌ನಲ್ಲಿ ನಿಧಾನಕ್ಕೆ ಬಿಸಿ ಮಾಡಿ, ನಡುವೆ ಒಮ್ಮೆ ಕಲಸಿ. ಡಬಲ್ ಮಾಡುವವರಿಗೆ ಇನ್ನೊಂದು ಮಾತು. ಎಲ್ಲ ಎರಡರಷ್ಟಾದರೂ ನೀರು ಎರಡರಷ್ಟು ಬೇಡ. ದೊಡ್ಡ ಪಾತ್ರೆಯಲ್ಲಿ ಆವಿಯಾಗಿ ಹೋಗುವುದು ಎರಡರಷ್ಟು ಆಗಲ್ಲ. ನಾನು ಆರೂವರೆ ಕಪ್ ಬದಲು ಆರಕ್ಕೆ ನಿಲ್ಲಿಸುತ್ತೇನೆ, ಪಕ್ಕದಲ್ಲಿ ಕೆಟಲ್ ಬಿಸಿ ಇಟ್ಟುಕೊಂಡಿರುತ್ತೇನೆ. ಮಾಂಸ ಮಾತ್ರ ಎರಡು ಕಂತಿನಲ್ಲೇ ಹುರಿಯಬೇಕು.