ತೊಗಲಿನ ಹೊಲಿಗೆಯಲ್ಲಿ ಸೂಜಿಗಿಂತ ತೂತು ಮುಖ್ಯ

ತೊಗಲು ಹೊಲಿಯುವುದನ್ನು ಕಲಿಯಬೇಕು ಎನ್ನುವವರು ಮೊದಲು ಕೇಳುವುದು ಯಾವ ಸೂಜಿ, ಯಾವ ದಾರ ಅಂತ. ಅವೆರಡೂ ಆಮೇಲಿನ ಮಾತು. ಬಟ್ಟೆಯಲ್ಲಾದರೆ ಸೂಜಿ ತನ್ನ ದಾರಿ ತಾನೇ ಮಾಡಿಕೊಂಡು ಹೋಗುತ್ತದೆ. ತೊಗಲಿನಲ್ಲಿ ಮೊದಲು ತೂತು ಆಗಬೇಕು, ಆಮೇಲೆ ಸೂಜಿ ಸುಮ್ನೆ ದಾಟಿ ಹೋಗಬೇಕು. ಅದಕ್ಕೇ ಈ ಕೆಲಸದ ಸೂಜಿಗೆ ತುದಿ ಮೊಂಡು ಇರುತ್ತದೆ. ಚೂಪು ಸೂಜಿ ಹಾಕಿದರೆ ಮೊದಲೇ ತೂತಿನಲ್ಲಿರುವ ದಾರವನ್ನು ಚುಚ್ಚಿ ಸೀಳಿಬಿಡುತ್ತದೆ. ಮೊಂಡು ಸೂಜಿ ಸಿಗದಿದ್ದರೆ ಸಾದಾ ಗಟ್ಟಿ ಸೂಜಿಯ ತುದಿಯನ್ನು ಸಾಣೆಕಲ್ಲಿಗೆ ಉಜ್ಜಿಕೊಳ್ಳಿ, ಸಾಕು. ಗೋಣಿಚೀಲ ಹೊಲಿಯುವ ದಬ್ಬಣ ಮಾತ್ರ ಬೇಡ. ಅದರ ದಪ್ಪಕ್ಕೆ ತೂತು ಹರಿದುಹೋಗುತ್ತದೆ.

ನಾನು ಬೆಳಗಾವಿಯವನು. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನೌಕರಿ. ಸಂಜೆ ಹೊತ್ತು, ರಜೆಯ ದಿನ ಪಾಕೀಟು, ಬೆಲ್ಟು, ಕನ್ನಡಕದ ಕವರು, ಊರಿನ ಮನೆಯ ಕುಡಗೋಲಿಗೆ ಒಂದು ಒರೆ, ಇಂಥದ್ದೆಲ್ಲ ಮಾಡುತ್ತೇನೆ. ಆನ್‌ಲೈನ್‌ನಲ್ಲಿ ನೋಡಿದರೆ ಸಾವಿರಾರು ರೂಪಾಯಿಯ ಸಲಕರಣೆ ಇಲ್ಲದೆ ಈ ಹವ್ಯಾಸಕ್ಕೆ ಕೈ ಹಾಕಲೇಬಾರದು ಅನ್ನಿಸುತ್ತದೆ. ನನ್ನ ಲೆಕ್ಕ ಬೇರೆ. ತೂತು ಚುಚ್ಚಲು ಒಂದು ಒಳ್ಳೆಯ ಆರಿ, ಒಂದು ಹರಿತ ಕತ್ತಿ, ಒಳ್ಳೆಯ ತೊಗಲು, ಇವು ಮೂರಕ್ಕೆ ದುಡ್ಡು ಹಾಕಿ. ಉಳಿದದ್ದು ಮನೆಯಲ್ಲೇ ಇರುತ್ತದೆ.

ಆರಿಯಲ್ಲಿ ಎರಡು ಜಾತಿ. ಬಸ್ ಸ್ಟ್ಯಾಂಡ್ ಪಕ್ಕ ಚಪ್ಪಲಿ ರಿಪೇರಿ ಮಾಡುವವರ ಕೈಯಲ್ಲಿ ಇರುವುದು ತುದಿಗೆ ಕೊಕ್ಕೆ ಇರುವ ಆರಿ. ಅದು ಕೆಳಗಿನಿಂದ ದಾರದ ಕುಣಿಕೆಯನ್ನು ಎಳೆದು ತರುತ್ತದೆ, ಆ ಕುಣಿಕೆಯೊಳಗೆ ದಾರದ ಇನ್ನೊಂದು ತುದಿ ದಾಟಿಸುತ್ತಾರೆ. ಬಹಳ ಬೇಗ ಆಗುವ ಹೊಲಿಗೆ. ಮಷಿನ್ನಿನ ಹೊಲಿಗೆಯೂ ಇದೇ ಬಗೆ. ಆದರೆ ಒಂದು ಕಡೆ ದಾರ ಸವೆದು ತುಂಡಾದರೆ ಅಕ್ಕಪಕ್ಕದ ಹೊಲಿಗೆಯೂ ಒಂದೊಂದಾಗಿ ಸಡಿಲಾಗುತ್ತ ಹೋಗುತ್ತದೆ. ನಾನು ಹೇಳುತ್ತಿರುವುದು ಒಂದೇ ದಾರದ ಎರಡೂ ತುದಿಗೆ ಸೂಜಿ ಕಟ್ಟಿ ಹೊಲಿಯುವ ಜೋಡಿ ಸೂಜಿಯ ಹೊಲಿಗೆ. ಕುದುರೆಯ ಜೀನು ಹೊಲಿಯುವವರದು. ಇದರಲ್ಲಿ ಪ್ರತಿ ತೂತಿನಲ್ಲೂ ಎರಡು ಎಳೆ ಒಂದನ್ನೊಂದು ದಾಟಿ ಹೋಗಿರುತ್ತವೆ. ಒಂದು ಎಳೆ ಹರಿದರೂ ಇನ್ನೊಂದು ಹಿಡಿದಿರುತ್ತದೆ.

ಇದಕ್ಕೆ ಬೇಕಾದ್ದು ಕೊಕ್ಕೆ ಇಲ್ಲದ ನೇರ ಆರಿ. ಅದರ ಅಲಗನ್ನು ಅಡ್ಡ ಕೊಯ್ದು ನೋಡಿದರೆ ಶಂಕರಪೋಳಿಯ ಆಕಾರ, ಅಂದರೆ ವಜ್ರಾಕೃತಿ ಇರಬೇಕು. ದುಂಡು ಮೊಳೆಯಂಥ ಆರಿ ತೊಗಲನ್ನು ಒತ್ತಿ ಅಗಲಿಸುತ್ತದೆ, ಆ ತೂತು ದೊಡ್ಡದಾಗಿ ಕಾಣುತ್ತಲೇ ಇರುತ್ತದೆ. ನಾಲ್ಕು ಮೂಲೆಯ ಅಲಗು ಸಣ್ಣ ಸೀಳು ಮಾಡುತ್ತದೆ, ದಾರ ಕೂತ ಮೇಲೆ ಸೀಳು ಅದರ ಸುತ್ತ ಮುಚ್ಚಿಕೊಳ್ಳುತ್ತದೆ. ಸೀಳನ್ನು ಅಂಚಿಗೆ ಸ್ವಲ್ಪ ಓರೆಯಾಗಿ ಹಾಕಿದರೆ ಹೊಲಿಗೆಯೂ ಓರೆಯಾಗಿ ಕೂರುತ್ತದೆ. ಕೈಹೊಲಿಗೆಯ ಆ ಚಂದ ಬರುವುದೇ ಹೀಗೆ. ಹೊಸ ಆರಿ ಅಂಗಡಿಯಿಂದ ಹರಿತವಾಗಿ ಬರುವುದಿಲ್ಲ. ನಾಲ್ಕೂ ಮುಖವನ್ನು ನಯವಾದ ಕಲ್ಲಿಗೆ ಉಜ್ಜಿ, ಕೊನೆಗೆ ತೊಗಲಿನ ತುಂಡಿಗೆ ಅಲಗು ಹರಿತ ಮಾಡುವ ಹಸಿರು ಪಾಲಿಶ್ ಬಳಿದು ಅದರ ಮೇಲೆ ತಿಕ್ಕಿ. ಚುಚ್ಚುವಾಗ ನಡುನಡುವೆ ತುದಿಯನ್ನು ಜೇನುಮೇಣಕ್ಕೆ ಚುಚ್ಚಿ ತೆಗೆಯಿರಿ. ಅರ್ಧ ಬಲದಲ್ಲಿ ಕೆಲಸ ಆಗುತ್ತದೆ. ಹಿಂದುಗಡೆ ಬೆರಳು ಇಡಬೇಡಿ, ಬಾಟಲಿಯ ಬಿರಡೆ ಇಡಿ.

ತೂತುಗಳ ನಡುವಿನ ಅಂತರ ಸಮ ಇರಲಿ ಎಂದು ಹಲ್ಲಿನ ಕಬ್ಬಿಣ ಮಾರುತ್ತಾರೆ. ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸ್ಟೇಷನರಿ ಅಂಗಡಿಯ ಗ್ರಾಫ್ ಹಾಳೆ ತನ್ನಿ. ಅಂಚಿನಿಂದ 3 ಮಿಲಿಮೀಟರ್ ಒಳಗೆ ಒಂದು ಗೆರೆ, ಆ ಗೆರೆಯ ಮೇಲೆ ಹಾಳೆಯ ಪಟ್ಟಿ ಅಂಟಿಸಿ ಪ್ರತಿ 4 ಮಿಲಿಮೀಟರಿಗೆ ಒಂದು ಗುರುತು ಚುಚ್ಚುತ್ತ ಹೋಗಿ. 10 ಸೆಂಟಿಮೀಟರಿಗೆ 25 ಹೊಲಿಗೆ ಬರುತ್ತದೆ. ಪಾಕೀಟಿಗೆ ಇದು ಸರಿ, ಬೆಲ್ಟಿಗೆ 5 ಮಿಲಿಮೀಟರ್ ಇದ್ದರೂ ನಡೆಯುತ್ತದೆ. ಗೆರೆ ಎಳೆಯಲು ನನ್ನ ಬಳಿ ಇರುವುದು ಶಾಲೆಯ ಕಂಪಾಸ್ ಪೆಟ್ಟಿಗೆಯ ಡಿವೈಡರ್. ಒಂದು ಕಾಲನ್ನು ಅಂಚಿನ ಹೊರಗೆ ತಾಗಿಸಿಕೊಂಡು ಇನ್ನೊಂದರಲ್ಲಿ ಗೀರುತ್ತ ಹೋಗುತ್ತೇನೆ.

ದಾರದ ಉದ್ದ ಹೊಲಿಗೆಯ ಉದ್ದದ ನಾಲ್ಕು ಪಟ್ಟು, ಮೇಲೆ ಎರಡು ಗೇಣು. ತೊಗಲು ದಪ್ಪ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ ಇರಲಿ, ಯಾಕೆಂದರೆ ಪ್ರತಿ ತೂತಿನಲ್ಲೂ ದಾರ ಆ ದಪ್ಪವನ್ನು ದಾಟಬೇಕು. 4 ಮಿಲಿಮೀಟರ್ ಹೊಲಿಗೆಗೆ 0.8 ಮಿಲಿಮೀಟರ್ ದಾರ ಒಪ್ಪುತ್ತದೆ, ಅದಕ್ಕಿಂತ ಸಣ್ಣ ಹೊಲಿಗೆಗೆ 0.6. ಮೇಣ ಹಚ್ಚಿಲ್ಲದ ದಾರವಾದರೆ ಜೇನುಮೇಣದ ಗಟ್ಟಿಯ ಮೇಲೆ ಎರಡು ಮೂರು ಸಲ ಎಳೆಯಿರಿ. ಮೇಣದಬತ್ತಿ ಬೇಡ, ಅದು ಪುಡಿಯಾಗಿ ಉದುರುತ್ತದೆ.

ಇನ್ನು ಹೊಲಿಗೆ. ಎರಡು ಪ್ಲೈವುಡ್ ಹಲಗೆ, ನಡುವೆ ಒಂದು ಬೋಲ್ಟ್, ಬಾಯಿಗೆ ತೊಗಲಿನ ಪಟ್ಟಿ: ತೊಗಲನ್ನು ಕಚ್ಚಿ ಹಿಡಿಯಲು ಇಷ್ಟೇ ನನ್ನ ಹಿಡಿಕೆ. ಅದನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡರೆ ಎರಡೂ ಕೈ ಖಾಲಿ. ಮೊದಲ ತೂತಿನಲ್ಲಿ ದಾರ ದಾಟಿಸಿ ಎರಡೂ ಕಡೆ ಸಮ ಮಾಡಿಕೊಳ್ಳಿ. ಮುಂದಿನ ತೂತಿಗೆ ಎಡಗೈ ಸೂಜಿ ಮೊದಲು ಬರಲಿ. ಅದು ಬಲಕ್ಕೆ ಅರ್ಧ ಬಂದಾಗ ಬಲಗೈ ಸೂಜಿಯನ್ನು ಅದರ ಹಿಂದೆ ಅಡ್ಡ ಹಿಡಿದು, ಎರಡನ್ನೂ ಒಟ್ಟಿಗೆ ಎಳೆಯಿರಿ. ಈಗ ಎಡಗಡೆಯ ದಾರ ಪೂರ್ತಿ ದಾಟಿದೆ. ಅದನ್ನು ತೂತಿನ ಒಂದು ಮೂಲೆಗೆ ಸರಿಸಿ. ಬಲಗೈ ಸೂಜಿ ಅದೇ ತೂತಿನ ಇನ್ನೊಂದು ಮೂಲೆಯಿಂದ ಆಚೆ ಹೋಗಲಿ. ಸೂಜಿ ಅರ್ಧ ಹೋದಾಗ ಮೊದಲ ದಾರವನ್ನು ಸ್ವಲ್ಪ ಹಿಂದಕ್ಕೆ ಜಗ್ಗಿ ನೋಡಿ. ಸರಾಗ ಸರಿದರೆ ಸೂಜಿ ಅದನ್ನು ಚುಚ್ಚಿಲ್ಲ ಎಂದರ್ಥ. ಆಮೇಲೆ ಎರಡೂ ಕೈಯಿಂದ ಎಳೆಯಿರಿ. ಯಾವ ಕೈ ಮೊದಲು, ಯಾವ ಮೂಲೆ ಯಾವ ದಾರಕ್ಕೆ, ಇದು ನಿಮ್ಮಿಷ್ಟ. ಆದರೆ ಶುರು ಮಾಡಿದ ಕ್ರಮವನ್ನು ಕೊನೆಯ ತೂತಿನವರೆಗೆ ಬಿಡಬೇಡಿ. ಒಂದು ತೂತಿನಲ್ಲಿ ಕ್ರಮ ತಪ್ಪಿದರೂ ಹೊಲಿಗೆಯ ಓರೆ ಅಲ್ಲಿ ಮುರಿದು, ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.

ಎಷ್ಟು ಬಿಗಿ ಎನ್ನುವುದನ್ನು ಬರೆದು ತಿಳಿಸುವುದು ಕಷ್ಟ. ಅಥಣಿಯಲ್ಲಿ ಚಪ್ಪಲಿ ಮಾಡುವ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಅವರನ್ನು ಕಾಕಾ ಅಂತಲೇ ಕರೆಯುವುದು. ನಾನು ಹೊಲಿದ ಪಾಕೀಟನ್ನು ತಿರುವಿ ನೋಡಿ ಅವರು ಹೇಳಿದ್ದು ಇಷ್ಟು: "ಜೋರ್ ಜಗ್ಗಬ್ಯಾಡ್ರಿ ಸರ್ರ. ಎರಡೂ ಕೈ ಒಂದ ಸಮ ಜಗ್ಗ್ರಿ. ದಾರಾ ತೊಗಲಿನ ಮ್ಯಾಲೆ ಕುಂದರಬೇಕು, ಒಳಗ ಕೊರೀಬಾರ್ದು." ಅವರ ಅಂಗಡಿಯ ಗೋಡೆಯ ಮೇಲೆ ಚಪ್ಪಲಿ ಹೊಲಿಯುತ್ತಿದ್ದ ಶರಣ ಹರಳಯ್ಯನ ಪಟ, ಕೆಳಗೆ ತೊಗಲು ಕೊಯ್ಯುವ ರಂಪಿಗೆ, ಆರಿಗಳ ಸಾಲು. ಅವರ ಮನೆಯ ಹೆಂಗಸರು ಪಟ್ಟಿ ಹೆಣೆಯುವಾಗ ಗುರುತು ಹಾಕಿದ್ದನ್ನೇ ನಾನು ನೋಡಿಲ್ಲ. ಕಣ್ಣಳತೆಯಲ್ಲೇ ಎಲ್ಲ. ಚಪ್ಪಲಿಯ ಅಟ್ಟೆಗೆ ಮೊಳೆ ಇಲ್ಲ, ಸಣ್ಣಗೆ ಸೀಳಿದ ತೊಗಲಿನ ಎಳೆಯಿಂದಲೇ ಹೊಲಿಗೆ. ನಾವು ಭಾನುವಾರದ ಖುಷಿಗೆ ಮಾಡುವುದು ಅವರಿಗೆ ಹೊಟ್ಟೆಪಾಡು. ಕಲಿಯಲು ಹೋದರೆ ಅವರ ಅರ್ಧ ದಿನದ ಕೆಲಸ ಕೆಡುತ್ತದೆ ಎನ್ನುವುದು ನೆನಪಿರಲಿ. ಕಾಕಾ ದುಡ್ಡು ಮುಟ್ಟುವುದಿಲ್ಲ, "ಫೀ ಏನ್ರೀ, ಚಾ ಕುಡೀರಿ" ಅನ್ನುತ್ತಾರೆ. ಹಾಗಾಗಿ ನಮ್ಮ ಮನೆಯವರ ಚಪ್ಪಲಿ ಎಲ್ಲ ಅಲ್ಲಿಂದಲೇ, ಚೌಕಾಸಿ ಇಲ್ಲದೆ.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಟ್ಯಾಗ್ (ಇಂಥ ಪ್ರದೇಶದ ಮಾಲು ಎನ್ನುವ ಸರ್ಕಾರಿ ಗುರುತು) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಅದರಲ್ಲಿ ಸೇರಿದವು. ಇದರಿಂದ ನಮ್ಮಂಥವರಿಗೆ ತಿಳಿಯಬೇಕಾದ್ದು ಏನೆಂದರೆ, ಬೇರೆ ಊರಿನ ಹವ್ಯಾಸಿಗಳು ಕೊರಿಯರ್‌ನಲ್ಲಿ ತರಿಸುವ ಮಾಲು ನಮ್ಮ ಸುತ್ತಮುತ್ತಲೇ ಇದೆ. ಈ ಚಪ್ಪಲಿಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಯಂಥವುಗಳಲ್ಲಿ ಹದ ಮಾಡುತ್ತಾರೆ. ವಾರಗಟ್ಟಲೆ ಹಿಡಿಯುವ ಕೆಲಸ. ಪೇಟೆಯಲ್ಲಿ ಜಾಸ್ತಿ ಸಿಗುವುದು ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ತೊಗಲು. ಅದು ಮೆತ್ತಗೆ, ಬಣ್ಣ ಬಣ್ಣ, ಸೋವಿ. ಆದರೆ ಅದರ ಅಂಚು ಎಷ್ಟು ತಿಕ್ಕಿದರೂ ಹೊಳಪು ಹಿಡಿಯುವುದಿಲ್ಲ. ಗುರುತಿಸುವುದು ಹೀಗೆ: ಕತ್ತರಿಸಿದ ಅಂಚಿನ ನಡುವೆ ನೀಲಿ ಅಥವಾ ಬೂದು ಛಾಯೆ ಇದ್ದರೆ ಕ್ರೋಮ್. ಪಾಲಿಶ್ ಆಗದ ಮೈಮೇಲೆ ಒಂದು ಹನಿ ನೀರು ಬಿಡಿ. ತೊಗಟೆಯ ಹದದ್ದು ಹನಿಯನ್ನು ಹೀರಿ ಅಲ್ಲೇ ಕಪ್ಪಗಾಗುತ್ತದೆ. ಇಡೀ ಚರ್ಮ ಕೊಳ್ಳುವ ಮೊದಲು ಅಟ್ಟೆ ಕತ್ತರಿಸಿ ಉಳಿದ ತುಂಡುಗಳನ್ನು ಕೇಳಿ. ಬೆಲ್ಟಿಗೆ ಬೆನ್ನಿನ ಭಾಗವೇ ಬೇಕು, 3 ಮಿಲಿಮೀಟರಿಗೆ ಕಡಿಮೆ ಬೇಡ. ಹೊಟ್ಟೆಯ ಭಾಗ ಹಿಗ್ಗುತ್ತದೆ. ಪಾಕೀಟಿನ ಒಳಪದರಕ್ಕೆ 1 ಮಿಲಿಮೀಟರ್ ಸಾಕು. ಒಳಗೆ ಬಟ್ಟೆ ಕೊಡುವುದಾದರೆ ಗುಳೇದಗುಡ್ಡದ ಖಣ ಹಾಕಿ ನೋಡಿ, ಎಷ್ಟು ಚಂದ ಒಪ್ಪುತ್ತದೆ ಅಂತೀರಿ.

ತೊಗಟೆಯ ಹದದ ತೊಗಲಿಗೆ ಕಬ್ಬಿಣ ಆಗಿಬರುವುದಿಲ್ಲ. ಒದ್ದೆ ತೊಗಲಿನ ಮೇಲೆ ಸುತ್ತಿಗೆ, ಕತ್ತರಿ, ಕೊನೆಗೆ ಒಂದು ಗುಂಡುಸೂಜಿ ಇಟ್ಟು ಮರೆತರೂ ಕಪ್ಪು ಕಲೆ ಬೀಳುತ್ತದೆ. ತೊಗಟೆಯ ಒಗರು ಕಬ್ಬಿಣದ ಜೊತೆ ಸೇರಿ ಮಸಿಯಾಗುವುದು ಇದಕ್ಕೆ ಕಾರಣ. ಕೂಡಲೇ ಲಿಂಬೆರಸ ಹಚ್ಚಿ ಒರೆಸಿದರೆ ಬಹುಪಾಲು ಹೋಗುತ್ತದೆ. ಇದನ್ನೇ ಉಲ್ಟಾ ಮಾಡಿ ಬಣ್ಣ ಕಟ್ಟಬಹುದು. ಎಣ್ಣೆ ಜಿಡ್ಡು ತೊಳೆದ ಕಬ್ಬಿಣದ ನಾರನ್ನು ವಿನೆಗರ್‌ನಲ್ಲಿ ಕೆಲವು ದಿನ ನೆನೆಹಾಕಿ ಸೋಸಿ. ಬಾಟಲಿಯ ಮುಚ್ಚಳ ಬಿಗಿ ಹಾಕಬೇಡಿ, ಒಳಗೆ ಗ್ಯಾಸ್ ಏಳುತ್ತದೆ. ಆ ನೀರು ಬಳಿದರೆ ಕಣ್ಣೆದುರೇ ತೊಗಲು ಕಪ್ಪಾಗುತ್ತದೆ. ಮೇಲೆ ಬಳಿದ ಬಣ್ಣವಲ್ಲವಾದ್ದರಿಂದ ಕೈಗೆ, ಅಂಗಿಗೆ ಹತ್ತುವ ಕಾಟ ಕಡಿಮೆ.

ಅಂಟಿನ ಬಗ್ಗೆ ಎರಡೇ ಮಾತು. ಚಪ್ಪಲಿಯವರು ಬಳಸುವ ರಬ್ಬರ್ ಅಂಟನ್ನು ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಜೋಡಿಸಿ. ನಯವಾದ ಮುಖಕ್ಕೆ ಅಂಟಿಸುವುದಿದ್ದರೆ ಅಲ್ಲಿ ಉಪ್ಪುಕಾಗದದಿಂದ ಕೆರೆದುಕೊಳ್ಳಿ. ಕಿಟಕಿ ತೆರೆದಿರಲಿ, ಆ ವಾಸನೆ ತಲೆಗೆ ಏರುತ್ತದೆ. ಒತ್ತಿಡಲು ಇಳಕಲ್ ಗ್ರಾನೈಟ್‌ನ ಒಂದು ಪಾಲಿಶ್ ತುಂಡು ಇದ್ದರೆ ಭೇಷ್. ಅದರ ಮೇಲೆಯೇ ಅಂಚನ್ನು ರಂಪಿಗೆಯಿಂದ ತೆಳ್ಳಗೆ ಹೆರೆಯಲೂ ಬರುತ್ತದೆ.

ಹೊಲಿಗೆ ಮುಗಿಸುವಾಗ ಎರಡು ಮೂರು ತೂತು ಹಿಂದಕ್ಕೆ ಹೊಲಿದು ದಾರ ಕತ್ತರಿಸಿ. ಪಾಲಿಯೆಸ್ಟರ್ ದಾರವಾದರೆ ತುದಿಯನ್ನು ಲೈಟರ್‌ನಿಂದ ಕರಗಿಸಿ ಒತ್ತಿ. ಲಿನನ್ ದಾರ ಕರಗುವುದಿಲ್ಲ, ಸುಡುತ್ತದೆ. ಅದಕ್ಕೆ ಒಂದು ಚುಕ್ಕೆ ಅಂಟು ಸಾಕು.

ಅಂಚಿನ ಹೊಳಪು ನನಗೆ ಬಹಳ ಇಷ್ಟದ ಕೆಲಸ. ಉಪ್ಪುಕಾಗದ 220 ನಂಬರಿನಿಂದ ಶುರು, ಆಮೇಲೆ 400, ಕೊನೆಗೆ 800. ಅಂಚಿಗೆ ಹಚ್ಚಲು ವಿದೇಶಿ ಗೋಂದುಗಳು ಸಣ್ಣ ಬಾಟಲಿಯಲ್ಲಿ ದೊಡ್ಡ ಬೆಲೆಗೆ ಸಿಗುತ್ತವೆ. ನಾನು ಹಚ್ಚುವುದು ಅಗಸೆಯ ಲೋಳೆ. ಚಟ್ನಿಗೆ ಅಂತ ಡಬ್ಬಿಯಲ್ಲಿ ಇರುತ್ತದಲ್ವಾ, ಅದೇ ಅಗಸೆ. ಒಂದು ಚಮಚ ಕಾಳನ್ನು ಹುರಿಯದೆ ಒಂದು ಲೋಟ ನೀರಿಗೆ ಹಾಕಿ ಕುದಿಸಿ. ಚಮಚದಿಂದ ಎತ್ತಿದರೆ ನೂಲು ನೂಲಾಗಿ ಬೀಳುವಾಗ ಇಳಿಸಿ, ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸೋಸಿ. ತಣ್ಣಗಾದರೆ ಬಟ್ಟೆಯಿಂದ ಇಳಿಯುವುದೇ ಇಲ್ಲ. ಬೆರಳಿನಿಂದ ಅಂಚಿಗೆ ಸವರಿ, ಕ್ಯಾನ್ವಾಸ್ ತುಂಡಿನಿಂದ ಕೈ ಬಿಸಿಯಾಗುವಷ್ಟು ತಿಕ್ಕಿ. ಎರಡು ತುಂಡು ಸೇರಿದ ಗೆರೆ ಕಾಣೆಯಾಗಿ ಅಂಚು ಒಂದೇ ಪದರದಂತೆ ಆಗುತ್ತದೆ. ಮೇಲೆ ಒಂದು ಸಲ ಜೇನುಮೇಣ. ಲೋಳೆ ಫ್ರಿಜ್‌ನಲ್ಲಿ ಕೆಲವು ದಿನ ಇರುತ್ತದೆ, ವಾಸನೆ ಬಂದರೆ ಚೆಲ್ಲಿ. ಅಂದ ಹಾಗೆ, ಲಿನನ್ ದಾರ ಬರುವುದೂ ಇದೇ ಅಗಸೆ ಗಿಡದ ಕಾಂಡದಿಂದ.

ಕೊನೆಗೆ ಹವೆಯ ವಿಷಯ. ವಿಜಯಪುರದ ಬೇಸಿಗೆಯಲ್ಲಿ ಅಂಟು ಹಚ್ಚಿ ಫೋನ್ ಎತ್ತುವಷ್ಟರಲ್ಲಿ ಒಣಗಿರುತ್ತದೆ, ತೊಗಲೂ ಒಣಗಿ ಬಿರುಸಾಗುತ್ತದೆ. ಒಂದು ಪಾಲು ಜೇನುಮೇಣಕ್ಕೆ ಮೂರು ಪಾಲು ಔಡಲ ಎಣ್ಣೆ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿಕೊಂಡರೆ ಒಳ್ಳೆಯ ಮುಲಾಮು ಆಗುತ್ತದೆ. ಚೂರೇ ಚೂರು ಹಚ್ಚಿ. ಜಾಸ್ತಿಯಾದರೆ ತೊಗಲು ಜೋತುಬೀಳುತ್ತದೆ. ಬೆಳಗಾವಿಯಲ್ಲಿ ಕಾಟ ಇದಕ್ಕೆ ಉಲ್ಟಾ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಗಲಿನ ಮೇಲೆ ಬಿಳಿ ಬೂಸು ಬರದಂತೆ ನೋಡಿಕೊಳ್ಳುವುದೇ ಕೆಲಸ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಹಳೆ ಪೇಪರ್ ಸುತ್ತಿ ಗಾಳಿಯಾಡುವ ಅಟ್ಟದ ಮೇಲಿಡಿ, ಪೇಪರ್ ತಂಪು ಹಿಡಿದರೆ ಬದಲಿಸಿ. ಬೂಸು ಬಂದೇ ಬಿಟ್ಟರೆ ಮನೆಯ ಹೊರಗೆ ಒಯ್ದು ಒಣ ಬ್ರಷ್‌ನಿಂದ ಉದುರಿಸಿ, ನೆರಳಲ್ಲಿ ಒಣಗಿಸಿ. ಮಳೆಗಾಲದಲ್ಲಿ ನಾನು ಹೊಸ ತೊಗಲು ಕೊಳ್ಳುವುದಿಲ್ಲ. ಇದ್ದ ತುಂಡುಗಳಲ್ಲೇ ಕೀಲಿಕೈ ಗೊಂಚಲು, ಸೂಜಿ ಇಡುವ ಪುಟ್ಟ ಕವರು ಅಂತ ಏನಾದರೂ ಹೊಲಿಯುತ್ತ ಇರುತ್ತೇನೆ. ಬೆಲ್ಟಿನ ಕೆಲಸವೆಲ್ಲ ದಸರೆಯ ಮೇಲೆಯೇ.