ಗೆಡ್ಡೆಯೊಳಗಿನ ಹುಳಿಗೆ ಟಿ-ಕೋಶ ಸೋಲುವುದು ಹೇಗೆ: ನನ್ನ ಲ್ಯಾಬ್ ಅನುಭವ

ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್ 2014ರಲ್ಲಿ ಬಂದ ಮೇಲೆ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ರೋಗಿಗಳಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಬದುಕುತ್ತಿದ್ದಾರೆ. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣಗಳೇ ಟಿ-ಕೋಶಗಳು; ಇವು ಆ ಕೋಶಗಳ ಪಿಡಿ-1 ಎಂಬ ಬ್ರೇಕ್ ತೆಗೆಯುವ ಔಷಧಿಗಳು. ಆದರೆ ಬ್ರೇಕ್ ತೆಗೆದರೂ ಎಷ್ಟೋ ಸಲ ಟಿ-ಕೋಶ ಕೆಲಸವನ್ನೇ ಮಾಡುವುದಿಲ್ಲ. ರಕ್ತದಲ್ಲಿ ಎಲ್‌ಡಿಎಚ್ ಜಾಸ್ತಿ ಇರುವ ರೋಗಿಗಳಲ್ಲಿ ಈ ತೊಂದರೆ ಹೆಚ್ಚು. ಕೋಶ ಸಕ್ಕರೆ ಒಡೆದಾಗ ಬರುವ ಲ್ಯಾಕ್ಟೇಟ್ ಅನ್ನು ತಯಾರಿಸುವ ಕಿಣ್ವ ಅದೇ ಅಲ್ವಾ? ನಾನು ಅಲ್ಲಿಂದಲೇ ಶುರು ಮಾಡಿದೆ.

ಬಳಸಿದ್ದು ಇಲಿಯ ಬಿ16 ಮೆಲನೋಮಾ ಕೋಶಗಳು. ಅವುಗಳಿಗೆ ಓವಾಲ್ಬುಮಿನ್ (ಮೊಟ್ಟೆಯ ಬಿಳಿಭಾಗದ ಪ್ರೋಟೀನ್) ಜೀನ್ ಸೇರಿಸಲಾಗಿತ್ತು. ಆ ಪ್ರೋಟೀನನ್ನು ಗುರುತಿಸುವ ಓಟಿ-1 ಎಂಬ ಇಲಿಯ ಟಿ-ಕೋಶಗಳನ್ನು ಜೊತೆಗೆ ಬಿಟ್ಟೆ. ಬಿ16 ದಟ್ಟವಾಗಿ ಬೆಳೆದರೆ ತಟ್ಟೆಯಲ್ಲಿರುವ ಕೆಂಪು ಪೋಷಕ ದ್ರವ ಹಳದಿಗೆ ತಿರುಗುತ್ತದೆ. ಕೋಶಗಳು ಸಕ್ಕರೆ ತಿಂದು ಆಮ್ಲ ಬಿಟ್ಟಿವೆ ಅಂತ ಕಣ್ಣಿಗೇ ಕಾಣುತ್ತದೆ. ಸೆಂಟ್ರಿಫ್ಯೂಜ್ ಮಾಡಿದರೆ ಟ್ಯೂಬಿನ ತಳದಲ್ಲಿ ಕಪ್ಪು ಗುಂಡು. ಆ ಕಪ್ಪು ಮೆಲನಿನ್‌ನದು. ಬಣ್ಣವನ್ನು ಅಳೆಯುವ ಪರೀಕ್ಷೆಗಳನ್ನೆಲ್ಲ ಅದು ಕೆಡಿಸುತ್ತದೆ, ಡಿಎನ್‌ಎ ನಕಲು ಮಾಡುವ ಪಿಸಿಆರ್‌ಗೂ ಅಡ್ಡಿ. ಹಾಗಾಗಿ ಸತ್ತ ಕೋಶಗಳನ್ನು, ಒಂದೊಂದೇ ಕೋಶವನ್ನು ಲೇಸರ್ ಮುಂದೆ ಹಾಯಿಸಿ ನೋಡುವ ಫ್ಲೋ ಸೈಟೋಮೀಟರ್‌ನಲ್ಲೇ ಎಣಿಸಿದೆ.

ಮೊದಲು ಸಕ್ಕರೆಯ ವಿಷಯ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಬಳಸುವ ಡಿಎಂಇಎಂ ಎಂಬ ಪೋಷಕ ದ್ರವದಲ್ಲಿ ಗ್ಲೂಕೋಸ್ 25 ಮಿಲಿಮೋಲಾರ್ ಇರುತ್ತದೆ. ನಮ್ಮ ರಕ್ತದಲ್ಲಿ ಇರುವುದು ಸುಮಾರು 5. ಅಂಥ ಶ್ರೀಮಂತ ಊಟದಲ್ಲಿ ಯಾವ ಟಿ-ಕೋಶವೂ ಹಸಿಯುವುದಿಲ್ಲ! ಗ್ಲೂಕೋಸ್ ಇಲ್ಲದ ದ್ರವ ತಂದು, ಬೇಕಾದಷ್ಟೇ ನಾನೇ ಸೇರಿಸಿದೆ. ದ್ರವಕ್ಕೆ ಬೆರೆಸುವ ಸೀರಮ್‌ನಲ್ಲೂ (ರಕ್ತದಿಂದ ತೆಗೆದ ದ್ರವ) ಸಕ್ಕರೆ ಇರುವುದರಿಂದ, ಡಯಾಲಿಸಿಸ್ ಮಾಡಿ ಸಕ್ಕರೆ ತೆಗೆದದ್ದನ್ನೇ ಹಾಕಿದೆ.

ಆಮೇಲೆ ಅಸಲು ಪ್ರಶ್ನೆ: ಟಿ-ಕೋಶವನ್ನು ಕೆಡಿಸುವುದು ಲ್ಯಾಕ್ಟೇಟೋ, ಹುಳಿಯೋ? ತಟ್ಟೆಯ ಒಂದು ಸಾಲಿಗೆ ಸೋಡಿಯಂ ಲ್ಯಾಕ್ಟೇಟ್, ಪಿಎಚ್ 7.4 (ಪಿಎಚ್ ಇಳಿದಷ್ಟೂ ಹುಳಿ ಹೆಚ್ಚು). ಇನ್ನೊಂದಕ್ಕೆ ಲ್ಯಾಕ್ಟಿಕ್ ಆಮ್ಲ. ಮೂರನೆಯದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಎರಡನೆಯದರ ಪಿಎಚ್‌ಗೇ ಇಳಿಸಿದೆ. ಬರೀ ಉಪ್ಪಿನಂಶದ ಪರಿಣಾಮ ತಿಳಿಯಲು ಅಷ್ಟೇ ಸೋಡಿಯಂ ಕ್ಲೋರೈಡ್ ಹಾಕಿದ ನಾಲ್ಕನೇ ಸಾಲು. ಒಂದು ಮಾತು: ಪಿಎಚ್ ಅನ್ನು ಮೇಜಿನ ಮೇಲೆ ಅಳೆದು ಬಿಡಬೇಡಿ. ಬೈಕಾರ್ಬನೇಟ್ ಇರುವ ದ್ರವ 5% ಇಂಗಾಲದ ಡೈಆಕ್ಸೈಡ್‌ನಲ್ಲಿ ಕೂತ ಮೇಲೆ ತೋರಿಸುವ ಅಂಕಿಯೇ ನಿಜ.

7.4ರಲ್ಲಿ ಲ್ಯಾಕ್ಟೇಟ್‌ನಿಂದ ಹೆಚ್ಚೇನೂ ಆಗಲಿಲ್ಲ. ಹುಳಿ ಹೆಚ್ಚಿದಂತೆ, ಟಿ-ಕೋಶ ದಾಳಿ ಮಾಡುವಾಗ ಬಿಡುವ ಇಂಟರ್‌ಫೆರಾನ್-ಗಾಮಾ ಪ್ರೋಟೀನ್ ಕುಸಿಯಿತು. ಎರಡೂ ಸೇರಿದ ಲ್ಯಾಕ್ಟಿಕ್ ಆಮ್ಲದಲ್ಲಂತೂ ತೀರಾ ಕಡಿಮೆ. ಹೊರಗೇ ಲ್ಯಾಕ್ಟೇಟ್ ತುಂಬಿಕೊಂಡಿದ್ದರೆ ಟಿ-ಕೋಶ ತನ್ನದನ್ನು ಹೊರಹಾಕಲಾರದು, ಒಳಗೇ ಕಟ್ಟಿಕೊಳ್ಳುತ್ತದೆ. ಅವೇ ಕೋಶಗಳನ್ನು ತಾಜಾ ದ್ರವಕ್ಕೆ ಹಾಕಿದರೆ ಬಹುಪಾಲು ಚೇತರಿಸಿಕೊಂಡವು. ನನಗೆ ತುಂಬಾ ಖುಷಿ ಕೊಟ್ಟಿದ್ದು ಇದೇ.

ಹಾಗಂತ ಎಲ್ಲ ಗೆಡ್ಡೆಗಳೂ ಸಕ್ಕರೆಕೋರರಲ್ಲ. ಕೆಲವು ಆಮ್ಲಜನಕವನ್ನೇ ಕಬಳಿಸಿ ಟಿ-ಕೋಶಕ್ಕೆ ಉಸಿರಿಲ್ಲದಂತೆ ಮಾಡುತ್ತವೆ. ಇಲಿಗಳಿಗೆ ಸಕ್ಕರೆ ಕಾಯಿಲೆಯ ಔಷಧಿ ಮೆಟ್‌ಫಾರ್ಮಿನ್ ಕೊಟ್ಟಾಗ ಆಮ್ಲಜನಕದ ಕೊರತೆ ಇಳಿದು, ಪಿಡಿ-1 ತಡೆಯುವ ಔಷಧಿ ಚೆನ್ನಾಗಿ ನಾಟಿತು ಅಂತ 2017ರಲ್ಲಿ ವರದಿಯಾಯಿತು. ಇಲಿಯ ಫಲಿತಾಂಶಕ್ಕೆ ನಾನು ಬೇಗ ಮರುಳಾಗುವುದಿಲ್ಲ. ಟಿ-ಕೋಶಕ್ಕೆ ಬೇಕಾದ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ಒಡೆಯುವ ಐಡಿಒ ಕಿಣ್ವವನ್ನು ತಡೆಯುವ ಎಪಕಾಡೊಸ್ಟಾಟ್ ಮೇಲೂ ಭಾರೀ ನಿರೀಕ್ಷೆ ಇತ್ತು. 2018ರಲ್ಲಿ ಮೂರನೇ ಹಂತದ ಪ್ರಯೋಗದಲ್ಲೇ ಅದು ಬಿದ್ದುಹೋಯಿತು.

ಭಾರತೀಯರಲ್ಲಿ ಮೆಲನೋಮಾ ಅಪರೂಪ. ಬಂದರೆ ಅಂಗಾಲಿನಂಥ ಕಡೆ ಬರುವುದೇ ಜಾಸ್ತಿ, ಆ ಬಗೆಗೆ ಈ ಔಷಧಿಗಳು ಅಷ್ಟಾಗಿ ನಾಟುವುದೂ ಇಲ್ಲ. ಅದರ ಬಗ್ಗೆ ನನ್ನ ಬಿ16 ತಟ್ಟೆಗಳನ್ನು ಮುಂದಿಟ್ಟುಕೊಂಡು ನಾನು ಏನೂ ಹೇಳಲಾರೆ.